ಊಟಕ್ಕೆ ಇನ್ನೂ ಒಂದೂಕಾಲು ಗಂಟೆ

"ತಟ್ಟೆ ಮುಟ್ಟದೇ ಎದ್ದು ಹೋಗ್ತೀರಾ?"

ಕೇಳಿದ ಉಮೇಶನ ಕಣ್ಣಲ್ಲಿ ಕೋಪವಿತ್ತು. ಕೋಪಕ್ಕಿಂತ ಹೆಚ್ಚಾಗಿ ಅವಮಾನವಿತ್ತು. ಭವ್ಯಾ ಅವನ ಮುಖ ನೋಡಲಾರದೆ ಗೋಡೆ ಗಡಿಯಾರ ನೋಡಿದಳು.

ಹತ್ತೂ ಮುಕ್ಕಾಲು! ಅಯ್ಯೋ ಶಿವನೇ... ಹನ್ನೆರಡಕ್ಕೆ ಇನ್ನೂ ಒಂದೂಕಾಲು ಗಂಟೆ!

ಅವಳ ಮುಂದೆ ಫಳಫಳ ಹೊಳೆಯುವ ಕಂಚಿನ ತಟ್ಟೆ. ಅದರಲ್ಲಿ ಹೊಗೆಯಾಡುವ ರಾಗಿ ಹಿಟ್ಟಿನ ಮುದ್ದೆ, ಮುದ್ದೆಯ ಗುಳಿಯಲ್ಲಿ ಕರಗುತ್ತಿರುವ ಬೆಣ್ಣೆ, ಸುತ್ತ ಅವರೆಕಾಳು, ಆಲೂಗಡ್ಡೆ ಹಾಕಿದ, ಬೆಟ್ಟದವರು ಉದಕ ಎನ್ನುವ ಗಟ್ಟಿ ಸಾರು. ಆ ಸಾರಿನ ಪರಿಮಳಕ್ಕೆ ಅವಳ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು.

"ಹಸಿವಿಲ್ಲ ಮಾಮಿ... ಕ್ಷಮಿಸಿ," ಎಂದಳು ಭವ್ಯಾ.

ಹೊಟ್ಟೆ ಒಂದು ಹೇಳುತ್ತಿದೆ, ಬಾಯಿ ಇನ್ನೊಂದು ಹೇಳುತ್ತಿದೆ! ಇದನ್ನು ಯಾರು ತಾನೇ ನಂಬುತ್ತಾರೆ?

ಹುಡುಗನ ತಾಯಿ ಮಹಾಲಿಂಗಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಹುಡುಗ ಉಮೇಶ್ ಎದ್ದು ಅಂಗಳಕ್ಕೆ ನಡೆದ. ಕುಂದಾ ಪವರ್ ಹೌಸಿನಲ್ಲಿ ಶಿಫ್ಟ್ ಡ್ಯೂಟಿ ಮಾಡುವ, ಮಾತು ಕಮ್ಮಿಯ ಹುಡುಗ. ಅರ್ಧ ಗಂಟೆಯ ಹಿಂದೆ ಜೀಪಿನಿಂದ ಇಳಿಯುವಾಗ ಭವ್ಯಾಳ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಅವನೇ ಬಗ್ಗಿ ಕಿತ್ತು, ಹುಲ್ಲಿನಲ್ಲಿ ಒರೆಸಿ, ಅವಳ ಕಾಲ ಬಳಿ ಇಟ್ಟಿದ್ದ. ಆಗಲೇ ಅವಳ ಮನಸ್ಸು ಸೋತಿತ್ತು.

ವಾಪಸ್ ಬರುವಾಗ ಜೀಪಿನಲ್ಲಿ, ಈ ಸಂಬಂಧ ತಂದಿದ್ದ ಮಲ್ಲಪ್ಪ ಮಾಮ ಕೆಂಡವಾದ.

"ಇಷ್ಟ ಇಲ್ದಿದ್ರೆ ಮೊದ್ಲೇ ಹೇಳ್ಬೇಕಿತ್ತು! ಅಷ್ಟು ದೂರ ಹೋಗಿ ನನ್ನ ಮಾನ ಕಳೆದೆ!"

"ಇಷ್ಟ ಇಲ್ಲ ಅಂತ ಯಾರು ಹೇಳಿದ್ರು ಮಾಮ?"

"ತಟ್ಟೆ ತಳ್ಳಿದ್ಮೇಲೆ ಬಾಯಲ್ಲಿ ಬೇರೆ ಹೇಳ್ಬೇಕಾ? ಆ ಹಟ್ಟಿಯಲ್ಲಿ ಮನೆ ನೋಡೋಕೆ ಬಂದ ಹುಡುಗಿ ಒಂದು ತುತ್ತು ಹಿಟ್ಟು ತಿಂದ್ರೆ ಒಪ್ಪಿಗೆ. ತಟ್ಟೆ ಮುಟ್ಟದೆ ಬಿಟ್ರೆ ಸಂಬಂಧ ಬೇಡ ಅಂತ!"

ಭವ್ಯಾ ಸರಕ್ಕನೆ ಮಾಮನ ಕಡೆ ತಿರುಗಿದಳು. "ಇದನ್ನ ಈಗ ಹೇಳ್ತಿದ್ದೀರಾ? ನಮ್ಮ ತುಮ್ಮನಟ್ಟಿ ಕಡೆ ಹಂಗೆಲ್ಲ ಇಲ್ವಲ್ಲ!"

"ಅನ್ನ ಕೊಟ್ರೆ ತಿನ್ನಬೇಕು ಅನ್ನೋದನ್ನೂ ಹೇಳ್ಕೊಡ್ಬೇಕಾ ನಿಂಗೆ?"

ಅವಳು ಮುಖ ಹೊರಳಿಸಿದಳು. ಚಹಾ ತೋಟಗಳು ಮಂಜಾದವು. ಮಂಜಲ್ಲ, ಅವಳ ಕಣ್ಣೀರು.

ಪಾಪ, ಅವಳ ಕಷ್ಟ ಅವಳಿಗೆ! ಊಟಿಯ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡುವ ಹುಡುಗಿ, ತಿಂಗಳ ಹಿಂದೆ ಸುಮ್ಮನೆ ತನ್ನ ರಕ್ತವನ್ನೂ ಮೆಷಿನ್ನಿಗೆ ಹಾಕಿದ್ದಳು. ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ ಆರು ಪಾಯಿಂಟ್ ಮೂರು! ಇಪ್ಪತ್ತೇಳನೇ ವಯಸ್ಸಿಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅವಳ ಅವ್ವೆಗೆ ಅದೇ ಕಾಯಿಲೆಯಿಂದ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಮಸುಕು. ಆ ಕತ್ತಲೆ ತನಗೂ ಬರುತ್ತದೆ ಎಂಬ ಭಯಕ್ಕೆ ಭವ್ಯಾ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

"ಮಾತ್ರೆ ಈಗ ಬೇಡಮ್ಮ," ಎಂದಿದ್ದರು ಡಾಕ್ಟರ್ ಸುಧಾಕರನ್. "ಅನ್ನ, ಹಿಟ್ಟು, ಗೆಡ್ಡೆ, ಸಕ್ಕರೆ ಕಡಿಮೆ ಮಾಡು. ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಿಗ್ಗೆ ಎಂಟರವರೆಗೆ ಹೊಟ್ಟೆಗೆ ರಜೆ ಕೊಡು. ಹನ್ನೆರಡು ಗಂಟೆಯಿಂದ ಶುರು. ಒಗ್ಗಿದ ಮೇಲೆ ಹದಿನಾಲ್ಕು. ಅವಸರ ಬೇಡ."

ಅವಸರ ಬೇಡ ಎಂದರೆ ಕೇಳುವ ಜೀವವೇ ಅದು? ಮೊಬೈಲಿನಲ್ಲಿ ಉಪವಾಸದ ಗಂಟೆ ಎಣಿಸುವ ಒಂದು ಆ್ಯಪ್ ಹಾಕಿಕೊಂಡು, ಮೊದಲ ದಿನದಿಂದಲೇ ಹದಿನಾರು ಗಂಟೆ, ಮಧ್ಯಾಹ್ನ ಹನ್ನೆರಡರವರೆಗೆ! ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟಳು. ತಲೆನೋವು, ಕೈ ನಡುಕ, ಬಸ್ ಕಂಡಕ್ಟರ್ ಜೊತೆ ಜಗಳ... ಆದರೂ ಆ್ಯಪಿನ ಹಸಿರು ಉಂಗುರ ಹನ್ನೊಂದು ದಿನ ಮುರಿದಿರಲಿಲ್ಲ. ಹನ್ನೆರಡನೇ ದಿನವೇ ಉಮೇಶನ ಮನೆಯ ತಟ್ಟೆ!

ಇನ್ನು ತಿನ್ನುವುದಾದರೂ ಏನು? ಮೊಬೈಲಿನಲ್ಲಿ ನೋಡಿದರೆ ಮೊಟ್ಟೆ, ಮೀನು, ಕೋಳಿ. ಲಿಂಗ ಕಟ್ಟಿದ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಅವ್ವೆ ಹೊಸ್ತಿಲು ತೊಳೆಯುತ್ತಾಳೆ. ಉಳಿದದ್ದು ಕೋಸು, ಬೀನ್ಸ್, ಮೊಸರು. ಮತ್ತೆ ಕೋಸು, ಮತ್ತೆ ಬೀನ್ಸ್. ಹೊಲದ ತುಂಬ ಆಲೂಗಡ್ಡೆ ಬೆಳೆದುಕೊಂಡು ಒಂದು ಚೂರೂ ಬಾಯಿಗಿಡದೆ ಬದುಕುವುದೆಂದರೆ ಸಿಟ್ಟು ಬರದೆ ಇರುತ್ತದೆಯೇ?

"ಹುಡುಗನ ಮನೆಗೆ ಫೋನ್ ಮಾಡಿ ನಿಜ ಹೇಳ್ಲಾ ಅವ್ವೆ?" ಎಂದು ಕೇಳಿದಳು ಭವ್ಯಾ.

"ನನ್ನಾಣೆ, ಯಾರಿಗೂ ಹೇಳ್ಬೇಡ! ಶುಗರ್ ಇರೋ ಹುಡುಗಿ ಅಂದ್ರೆ ಯಾರು ಕಟ್ಕೋತಾರೆ?"

ನಿಜ ಹೇಳಿದರೆ ಯಾರೂ ಬರುವುದಿಲ್ಲ. ಹೇಳದಿದ್ದರೆ ಉಮೇಶ್ ಬರುವುದಿಲ್ಲ. ಏನು ಮಾಡಲಿ ನಾನು?

ಹತ್ತು ದಿನ ಕಳೆದವು. ಒಂದು ಬೆಳಿಗ್ಗೆ ಲ್ಯಾಬಿನ ಕೌಂಟರಿನಲ್ಲಿ ಭವ್ಯಾ ತಲೆ ಎತ್ತಿದರೆ... ಎದುರಿಗೆ ಉಮೇಶ್!

"ನೀವಾ?" ಇಬ್ಬರೂ ಒಟ್ಟಿಗೇ ಅಂದರು.

ಅವನು ಮೊದಲು ಸಾವರಿಸಿಕೊಂಡ. "ಅವ್ವೆಗೆ ಕಣ್ಣಿನ ಪೊರೆ ಆಪರೇಷನ್. ಅದಕ್ಕೆ ಶುಗರ್ ಟೆಸ್ಟ್ ಬೇಕಂತೆ. ಖಾಲಿ ಹೊಟ್ಟೆ ಅಂದ್ರೆ ಎಷ್ಟು ಗಂಟೆ?"

"ಹನ್ನೆರಡು. ನೀರು ಕುಡೀಬಹುದು. ಟೀ ಬೇಡ."

"ಸರಿ. ಊಟ ಬಿಡೋದು ನಿಮ್ಗೆ ಚೆನ್ನಾಗಿ ಗೊತ್ತಲ್ವಾ... ನಮ್ಮನೇಲೇ ನೋಡಿದ್ವಲ್ಲ."

ಭವ್ಯಾಳಿಗೆ ಸರ್ರನೆ ಸಿಟ್ಟು ಏರಿತು. ಬೆಳಿಗ್ಗೆ ಒಂಬತ್ತು ಗಂಟೆ, ಖಾಲಿ ಹೊಟ್ಟೆ. ಆ ಹೊತ್ತಿನಲ್ಲಿ ಅವಳನ್ನು ಕೆಣಕಬಾರದಿತ್ತು!

"ಏನ್ ಗೊತ್ತು ನಿಮ್ಗೆ ನನ್ನ ಬಗ್ಗೆ?"

"ಶಿಫ್ಟ್ ಕೆಲಸ, ಮಂಜು ಮುಚ್ಚಿದ ಊರು, ಇದು ಹುಡುಗೀರಿಗೆ ಇಷ್ಟ ಆಗಲ್ಲ ಅಂತ ಗೊತ್ತು. ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು ಕಣ್ರೀ. ಅವ್ವೆ ಆ ತಟ್ಟೇನ ಬೆಳಿಗ್ಗೆಯಿಂದ ಹುಣಸೆಹಣ್ಣು ಹಾಕಿ ಉಜ್ಜಿದ್ರು..."

ಇಲ್ಲ! ಊರು ಬೇಡ ಅಂತ ಅಲ್ಲ, ನೀವು ಬೇಡ ಅಂತ ಅಲ್ಲವೇ ಅಲ್ಲ! ಅವಳ ಮನಸ್ಸು ಕೂಗಿತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಮುಂದಿನವರು ಬನ್ನಿ!"

ಅವನ ಹಿಂದೆ ಯಾರೂ ಇರಲಿಲ್ಲ.

ಮರುದಿನ ಮಹಾಲಿಂಗಮ್ಮ ಬಂದರು. ಭವ್ಯಾಳನ್ನು ಕಂಡದ್ದೇ ಮುಖ ತಿರುಗಿಸಿ, "ನಂಗೆ ಆ ಹುಡುಗಿ ಸೂಜಿ ಹಾಕೋದು ಬೇಡ," ಎಂದರು.

ಜೊತೆಗೆ ಕೆಲಸ ಮಾಡುವ ತೇನ್ಮೊಳಿ ಎರಡು ಸಲ ಚುಚ್ಚಿದಳು. ನರ ಸಿಗಲಿಲ್ಲ. ಮಹಾಲಿಂಗಮ್ಮನ ಕೈ ಮಂಜುಗಡ್ಡೆಯಾಗಿತ್ತು, ಬೆರಳು ನಡುಗುತ್ತಿತ್ತು. ತೇನ್ಮೊಳಿ ಸಂಕಟದಿಂದ ಭವ್ಯಾಳ ಕಡೆ ನೋಡಿದಳು.

ಭವ್ಯಾ ಪರದೆ ಸರಿಸಿ ಒಳಗೆ ಬಂದು, ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟು ಉಜ್ಜತೊಡಗಿದಳು.

"ಮಾಮಿ, ಹಣೆಯ ಎರಡೂ ಕಡೆ ಹಿಂಡ್ತಾ ಇದೆಯಾ? ಯಾರು ಮಾತಾಡಿಸಿದ್ರೂ ರೇಗಬೇಕು ಅನ್ಸುತ್ತಾ?"

"ಹೌದು..." ಮಹಾಲಿಂಗಮ್ಮ ಕಣ್ಣು ಕಿರಿದು ಮಾಡಿದರು. "ಬರೋ ದಾರೀಲಿ ಮಗನಿಗೆ ಬೈದುಬಿಟ್ಟೆ. ನಿಂಗೆ ಹೆಂಗೆ ಗೊತ್ತು?"

ಹೇಳಬೇಡ ಎಂದಿದ್ದಳು ಅವ್ವೆ. ಆಣೆ ಹಾಕಿದ್ದಳು. ಆದರೆ ಬರಿಹೊಟ್ಟೆಯಲ್ಲಿ ನಡುಗುತ್ತಿರುವ ಈ ಹಿರಿಯ ಜೀವದ ಕೈ ಹಿಡಿದು ಇನ್ನೊಂದು ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ನಂಗೆ ದಿನಾ ಹೀಗೇ ಮಾಮಿ. ನನ್ನ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆ. ಅವ್ವೆಯ ಕಣ್ಣು ಅದ್ರಿಂದಾನೇ ಹೋಯ್ತು. ನಂಗೂ ಹೋಗುತ್ತೆ ಅಂತ ಭಯ... ಅದಕ್ಕೇ ಹನ್ನೆರಡರವರೆಗೆ ಏನೂ ತಿನ್ನಲ್ಲ. ಅವತ್ತು ಹೊಟ್ಟೆ ಹಸಿದು ಸಾಯ್ತಿದ್ದೆ. ತಟ್ಟೆ ಮುಟ್ಟದಿದ್ರೆ ಬೇಡ ಅಂತ ಅರ್ಥ ಅನ್ನೋದು ಗೊತ್ತಿರ್ಲಿಲ್ಲ. ನಿಮ್ಮಾಣೆ ಗೊತ್ತಿರ್ಲಿಲ್ಲ!"

ಅಳು ಒತ್ತರಿಸಿ ಬಂತು. ಆದರೂ ಸೂಜಿ ಹಿಡಿದ ಕೈ ಅಲುಗಲಿಲ್ಲ. ಒಂದೇ ಸಲಕ್ಕೆ ನರ ಸಿಕ್ಕಿತು.

ಮಹಾಲಿಂಗಮ್ಮ ಹತ್ತಿಯನ್ನು ಕೈಗೆ ಒತ್ತಿ ಹಿಡಿದುಕೊಂಡರು. ಆಮೇಲೆ, "ಹುಚ್ಚಿ," ಎಂದರು. "ಹೇಳಿದ್ದಿದ್ರೆ ಒಂದೂಕಾಲು ಗಂಟೆ ಹಿಟ್ಟನ್ನ ಒಲೆ ಪಕ್ಕದಲ್ಲೇ ಬೆಚ್ಚಗೆ ಇಟ್ಟಿರ್ತಿದ್ದೆ."

ಪರದೆಯ ಆಚೆ ಉಮೇಶನ ಬೂಟುಗಳು ಕಾಣುತ್ತಿದ್ದವು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆದರೆ ಒಳಗೆ ಇಣುಕದೆ ತಾಯಿಯನ್ನು ಕರೆದುಕೊಂಡು ಹೊರಟುಹೋದ.

ಸಂಜೆ ರಿಪೋರ್ಟ್ ಬಂತು. ದಿನಕ್ಕೆ ಮೂರು ಹೊತ್ತು ಮುದ್ದೆ ತಿಂದು, ಐದು ಲೋಟ ಸಿಹಿ ಟೀ ಕುಡಿಯುವ ಮಹಾಲಿಂಗಮ್ಮನ ಶುಗರ್ ತೊಂಬತ್ತೆರಡು, ಪೂರ್ತಿ ನಾರ್ಮಲ್! ಇಪ್ಪತ್ತೇಳರ ಹುಡುಗಿಗೆ ಕೋಸಿನ ಪಲ್ಯವೇ ಗತಿ. ಇದು ಯಾವ ಊರಿನ ನ್ಯಾಯ ಸ್ವಾಮಿ?

ಮನೆಯಲ್ಲಿ ಅವ್ವೆ ತಲೆ ಚಚ್ಚಿಕೊಂಡಳು. "ಹೇಳ್ಬಿಟ್ಟೆಯಾ? ಇನ್ನು ಎಲ್ಲಾ ಹಟ್ಟಿಗೂ ಗೊತ್ತಾಗುತ್ತೆ!"

"ಗೊತ್ತಾಗ್ಲಿ!" ಭವ್ಯಾ ಮೊದಲ ಸಲ ಕೂಗಿದಳು. "ನಾನೇನು ಕದ್ದಿದ್ದೀನಾ? ಬಚ್ಚಿಟ್ಟು ಬಚ್ಚಿಟ್ಟು ಸಾಕಾಯ್ತು ಅವ್ವೆ!"

ಅವ್ವೆ ತಡಕಾಡಿಕೊಂಡು ಹತ್ತಿರ ಬಂದು ಮಗಳ ತಲೆ ಸವರಿದಳು.

ಅವತ್ತೇ ಆ್ಯಪಿನ ಹದಿನಾರನ್ನು ಅಳಿಸಿ, ಡಾಕ್ಟರ್ ಹೇಳಿದ ಹನ್ನೆರಡು ಗಂಟೆಗೆ ಇಳಿಸಿದಳು. ತಲೆನೋವು ಹೋಯಿತು. ಕೈ ನಡುಕವೂ ನಿಂತಿತು. ಆದರೆ ಕುಂದಾದಿಂದ ಫೋನ್ ಬರಲಿಲ್ಲ. ಒಂದು ವಾರ, ಎರಡು ವಾರ... ಶುಗರ್ ಅಂದ ಕೂಡಲೇ ಹೆದರಿದರು. ಎಲ್ಲರೂ ಹೀಗೇ! ಹದಿನಾಲ್ಕು ಗಂಟೆಗೆ, ಅಂದರೆ ಬೆಳಿಗ್ಗೆ ಹತ್ತರವರೆಗೆ, ಏರಿಸಿದ ದಿನ ಅವಳು ಉಮೇಶನ ಆಸೆಯನ್ನೂ ಬಿಟ್ಟುಬಿಡಬೇಕೆಂದು ನಿರ್ಧರಿಸಿದಳು. ಕೋಸು ತಿನ್ನುವುದಕ್ಕಿಂತ ಅದು ಕಷ್ಟವಾಯಿತು.

ಅದಾಗಿ ಮೂರನೇ ದಿನ ಬೆಳಿಗ್ಗೆ ತೇನ್ಮೊಳಿ ಓಡಿಬಂದಳು. "ಅಕ್ಕಾ, ಹಿಂದುಗಡೆ ಕಲ್ಲುಬೆಂಚಲ್ಲಿ ಯಾರೋ ಕಾಯ್ತಿದ್ದಾರೆ!"

ಸೈಪ್ರೆಸ್ ಮರದ ಕೆಳಗೆ ಉಮೇಶ್. ಕಣ್ಣು ಕೆಂಪಾಗಿತ್ತು, ಮಡಿಲಲ್ಲಿ ದೊಡ್ಡ ಬಟ್ಟೆಚೀಲ.

"ನೈಟ್ ಶಿಫ್ಟ್ ಮುಗಿಸಿ, ಮನೆಗೆ ಹೋಗಿ, ಅಲ್ಲಿಂದ ಸೀದಾ ಬಂದೆ," ಎಂದ.

"ಯಾಕೆ ಬಂದ್ರಿ?" ಅವಳ ದನಿ ಒರಟಾಗಿತ್ತು. "ಎರಡು ವಾರದ ಮೇಲೆ ದಾರಿ ಗೊತ್ತಾಯ್ತಾ?"

"ಅವ್ವೆ ಅಡುಗೆ ಕಲೀತಿದ್ರು."

"ಏನು?"

"ಆಲೂಗಡ್ಡೆ ಇಲ್ದೆ ಉದಕ ಮಾಡೋದು ಹೆಂಗೆ ಅಂತ. ಸರಿಯಾಗೋವರೆಗೆ ನಿಮ್ಮ ಮುಂದೆ ಬರಬಾರದು ಅಂತ ಹಟ. ಎರಡು ವಾರ ನಾನೇ ತಿಂದೆ." ಅವನು ಮುಖ ಹಿಂಡಿದ. "ಮೊದಮೊದಲು ಬಾಯಿಗಿಡೋಕಾಗ್ತಿರ್ಲಿಲ್ಲ."

ಅವನು ಚೀಲದಿಂದ ಒಂದೊಂದೇ ತೆಗೆದ. ಡಬ್ಬಿಯಲ್ಲಿ ಕೋಸು, ಬೀನ್ಸ್ ಹಾಕಿದ ಉದಕ. ಮೊಸರು. ಕೊನೆಗೆ ಬಿಳಿ ಪಂಚೆಯಲ್ಲಿ ಸುತ್ತಿದ ಅದೇ ಕಂಚಿನ ತಟ್ಟೆ! ಮತ್ತೆ ಹುಣಸೆಹಣ್ಣಿನಲ್ಲಿ ಉಜ್ಜಿ ಹೊಳೆಯುತ್ತಿತ್ತು.

"ಇದು ಮನೆಯಿಂದ ಹೊರಗೆ ಬಂದಿದ್ದು ಇವತ್ತೇ ಮೊದಲು," ಎಂದ ಉಮೇಶ್. "ಹುಡುಗಿ ತಟ್ಟೆ ಹತ್ರ ಬರೋಕೆ ಆಗ್ಲಿಲ್ಲ ಅಂದ್ರೆ ತಟ್ಟೆನೇ ಹೋಗ್ಲಿ ಅಂದ್ರು ಅವ್ವೆ."

"ನಿಮ್ಗೆ ಭಯ ಆಗಲ್ವಾ? ನಾಳೆ ನನ್ನ ಕಣ್ಣೂ..."

"ಆಗುತ್ತೆ. ಆದ್ರೆ ನೀವು ಒಬ್ರೇ ಭಯಪಡ್ತಾ ಕೂತಿರ್ತೀರಿ ಅಂದ್ಕೊಂಡ್ರೆ ಇನ್ನೂ ಜಾಸ್ತಿ ಆಗುತ್ತೆ. ನಿಮ್ಮ ಚಪ್ಪಲಿ ಒರೆಸಿದ ದಿನದಿಂದ ನಂಗೆ ನೀವು ಇಷ್ಟ ಭವ್ಯಾ. ತಟ್ಟೆ ತಳ್ಳಿದಾಗಲೂ ಇಷ್ಟಾನೇ. ಸಿಟ್ಟು ಬಂದಿದ್ದೂ ಅದಕ್ಕೇ."

ಅವಳು ತಲೆ ತಗ್ಗಿಸಿದಳು. "ನಿಮ್ಗೊಂದು ವಿಷ್ಯ ಗೊತ್ತಾ? ಡಾಕ್ಟರ್ ಹೇಳಿದ್ದು ಹನ್ನೆರಡೇ ಗಂಟೆ. ಹದಿನಾರು ಮಾಡಿದ್ದು ನಾನು. ಅವರ ಮಾತು ಕೇಳಿದ್ದಿದ್ರೆ ಅವತ್ತು ಒಂದು ತುತ್ತು ತಿಂದಿರ್ತಿದ್ದೆ."

ಉಮೇಶ್ ತಲೆ ಮೇಲೆ ಕೈ ಹೊತ್ತು ಕೂತ. "ಇದನ್ನ ಅವ್ವೆಗೆ ಮಾತ್ರ ಹೇಳ್ಬೇಡಿ!"

ಭವ್ಯಾ ಕಣ್ಣೊರೆಸಿಕೊಂಡು ಮೊಬೈಲ್ ನೋಡಿದಳು. ಒಂಬತ್ತು ಐವತ್ತೆರಡು.

"ಇನ್ನೂ ಎಂಟು ನಿಮಿಷ ಇದೆ," ಎಂದಳು ಸಂಕೋಚದಿಂದ.

"ಕಾಯೋಣ," ಎಂದ ಅವನು, ಪಕ್ಕಕ್ಕೆ ಸರಿದು ಜಾಗ ಬಿಟ್ಟು.

ಇಬ್ಬರೂ ತಟ್ಟೆಯನ್ನು ನಡುವೆ ಇಟ್ಟುಕೊಂಡು ಕೂತರು. ಹತ್ತು ಹೊಡೆದಾಗ ಉಮೇಶ್ ಸಣ್ಣ ಡಬ್ಬಿ ಬಿಚ್ಚಿದ. ಒಳಗೆ ನೆಲ್ಲಿಕಾಯಿ ಗಾತ್ರದ ಒಂದು ರಾಗಿ ಮುದ್ದೆ, ಅದರ ಮೇಲೂ ಒಂದು ಚಿಟಿಕೆ ಬೆಣ್ಣೆ.

"ಇಷ್ಟೇನಾ?"

"ಒಪ್ಪಿಗೆಗೆ ಇಷ್ಟು ಸಾಕಂತೆ."

ಭವ್ಯಾ ಅದನ್ನು ಎರಡು ಮಾಡಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಅವನ ಮುಂದೆ ಹಿಡಿದಳು. "ನೀವು ಏನಾದ್ರೂ ತಿಂದ್ರಾ?"

"ನಿನ್ನೆ ಎಂಟಕ್ಕೆ ತಿಂದಿದ್ದು. ನೀವು ಹೆಂಗೆ ಇರ್ತೀರಿ ಅಂತ ನೋಡೋಣ ಅನ್ನಿಸ್ತು."

"ಹೆಂಗಿದೆ?"

"ಸಿಕ್ಕಾಪಟ್ಟೆ ಸಿಟ್ಟು ಬರುತ್ತೆ ಕಣ್ರೀ!"

ಅವಳು ಜೋರಾಗಿ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು. ಅವನು ಬಾಯಿ ತೆರೆದ, ಅವಳು ತುತ್ತು ಇಟ್ಟಳು.