ಲೀಡರಮ್ಮನ ಎಡಗೈ

“ಆ ಸ್ಟ್ಯಾಂಡ್ ಸ್ವಲ್ಪ ಸರಿಸ್ತೀರಾ? ಅದು ನನ್ನ ಜಾಗ.”

ಬೆನ್ನ ಹಿಂದಿನಿಂದ ಬಂದ ಗಂಡಸಿನ ದನಿಗೆ ಅವಳು ತಿರುಗಿಯೂ ನೋಡಲಿಲ್ಲ. ತನ್ನ ಸ್ಟೀಲ್ ಗಿಟಾರನ್ನು ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿ, ವೈರು ಸಿಕ್ಕಿಸುತ್ತಲೇ ಕೇಳಿದಳು.

“ನಿಮ್ಮ ಜಾಗ ಹೇಗಾಗತ್ತೆ? ಇವತ್ತಿನ ಮದುವೆಗೆ ಬ್ಯಾಂಡ್ ನಮ್ಮದು.”

“ನಮ್ಮದು ಅಂದುಕೊಂಡೇ ನಾನೂ ಬಂದೆ.”

ಈಗ ತಿರುಗಿದಳು. ತೆಳ್ಳಗಿನ ಆಳು, ದಪ್ಪ ಗಾಜಿನ ಕನ್ನಡಕ. ಎಳೆಕೂಸನ್ನು ಎತ್ತಿಕೊಂಡ ಹಾಗೆ ಎರಡೂ ತೋಳಲ್ಲಿ ಹಿಡಿದುಕೊಂಡಿದ್ದದ್ದು... ಇನ್ನೊಂದು ಸ್ಟೀಲ್ ಗಿಟಾರ್.

ಸಾಮಾನ್ಯ ಗಿಟಾರು ನುಡಿಸುವವರು ಗಲ್ಲಿಗೊಬ್ಬರು ಸಿಗುತ್ತಾರೆ. ಆದರೆ ಗಿಟಾರನ್ನು ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು, ತಂತಿಗಳ ಮೇಲೆ ಜಾರಿಸುತ್ತ ಮನುಷ್ಯರು ಅತ್ತಂತೆ, ನಕ್ಕಂತೆ ನುಡಿಸುವವರು ಊರೆಲ್ಲ ಹುಡುಕಿದರೂ ಅಪರೂಪ. ಅಂಥದ್ದರಲ್ಲಿ ಒಂದೇ ವೇದಿಕೆಗೆ ಇಬ್ಬರು!

ಹೋಟೆಲಿನ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. ಹೆಣ್ಣಿನ ಕಡೆಯವರು ಒಂದು ಬ್ಯಾಂಡ್ ಹೇಳಿದ್ದರು, ಗಂಡಿನ ಕಡೆಯವರು ಇನ್ನೊಂದು. ಬೀಗರು ಪರಸ್ಪರ ಮಾತಾಡಿಕೊಂಡಿರಲಿಲ್ಲ, ಅಷ್ಟೇ.

ಕನ್ನಡಕದವನು ಅವಳ ಗಿಟಾರಿನ ಕಡೆ ಆಸೆಯಿಂದ ನೋಡಿದ. “ಒಳ್ಳೇ ವಾದ್ಯ. ನುಡಿಸೋರು ಇನ್ನೂ ಬಂದಿಲ್ವಾ?”

“ಬಂದಿದ್ದಾರೆ. ನಿಮ್ಮ ಎದುರಿಗೇ ನಿಂತಿದ್ದಾರೆ.”

“ಓ... ಹಾಗಾದ್ರೆ ನಿಮ್ಮ ಬ್ಯಾಂಡಿನ ಲೀಡರ್ ಹತ್ರ ಒಂದು ಮಾತು...”

“ಅವರೂ ಇವರೇ.”

ಡ್ರಮ್ಮಿನ ಹಿಂದೆ ಕೂತಿದ್ದ ಅವಳ ಅಣ್ಣ ಕೋಲಿನಿಂದ ತಾಳದ ತಟ್ಟೆಗೆ ಒಂದು ಏಟು ಹಾಕಿದ. ಇಡೀ ಬ್ಯಾಂಡು ನಕ್ಕಿತು.

ಬಂದವನ ಕಿವಿ ಕೆಂಪಾಯಿತು. “ತಪ್ಪಾಯ್ತು” ಎಂದ. ನೆಪ ಹೇಳಲಿಲ್ಲ, ಸಮಜಾಯಿಷಿ ಕೊಡಲಿಲ್ಲ. ಅದು ಅವಳಿಗೆ ಹಿಡಿಸಿತು. ಹಿಡಿಸಿತಲ್ಲ ಎಂದು ಅವಳಿಗೆ ಸಿಟ್ಟೂ ಬಂತು.

ವೇದಿಕೆ ಅರ್ಧರ್ಧವಾಯಿತು. ಅವಳದೊಂದು ಹಾಡು, ಅವನದೊಂದು. ಅವಳ ತಂಡದವರು ಅವಳನ್ನು ಲೀಡರಮ್ಮ ಎಂದು ಕರೆಯುವಂತೆ, ಅವನ ತಂಡದ ಆರು ಜನ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಅವನು ಯಾವತ್ತೂ ಪಾಠ ಹೇಳಿದವನಲ್ಲ. ಯಾರಾದರೂ ತಪ್ಪು ನುಡಿಸಿದರೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದ, ಆ ನೋಟಕ್ಕೆ ಬಿದ್ದ ಹೆಸರು ಅದು. ಮೊದಮೊದಲು ಇಬ್ಬರೂ ಹಟಕ್ಕೆ ಬಿದ್ದವರಂತೆ ನುಡಿಸಿದರು. ಊಟಕ್ಕೆ ಕೂತ ಜನ ತಟ್ಟೆ ಬಿಟ್ಟು ಎದ್ದು ಬಂದರು.

ಕೊನೆಗೆ ಮದುಮಗಳೇ ಬಂದು ಕೇಳಿದಳು. “ಒಂದು ಹಾಡು ಇಬ್ಬರೂ ಸೇರಿ ನುಡಿಸ್ತೀರಾ?”

ಅವಳು ನಿಧಾನದ ಒಂದು ರಾಗ ಎತ್ತಿಕೊಂಡಳು. ‘ಈಗ ಇವನು ಮೇಲೆ ಹತ್ತಿ ಮೆರೀತಾನೆ’ ಎಂದು ಕಾದಳು. ಅವನು ಹತ್ತಲಿಲ್ಲ. ಅವಳ ದನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಅವಳು ಉಸಿರು ತೆಗೆದುಕೊಂಡಲ್ಲಿ ತಾನು ತುಂಬಿ, ಅವಳು ಬಂದಾಗ ದಾರಿ ಬಿಟ್ಟ. ಸ್ವಂತ ಬ್ಯಾಂಡ್ ಕಟ್ಟಿದವನಿಗೆ ಹೀಗೆ ಹಿಂದೆ ನಿಲ್ಲಲು ಯಾರು ಕಲಿಸಿದರು?

ಅವಳ ಎದೆಯಲ್ಲಿ ಏನೋ ಮೆತ್ತಗೆ ಜಾಗ ಬದಲಿಸಿತು.

* * *

ಅವಳ ಅಭ್ಯಾಸದ ಕೋಣೆ ಒಂದು ಲಾಂಡ್ರಿಯ ಮೇಲಿತ್ತು. ಕೆಳಗಿನ ಇಸ್ತ್ರಿಯ ಹಬೆಗೆ ನೆಲ ಸದಾ ಬೆಚ್ಚಗೆ. ಗೋಡೆಗೆಲ್ಲ ಸೋಪಿನ ವಾಸನೆ. ಮದುವೆ ಮುಗಿದ ವಾರವೇ ಮೇಷ್ಟ್ರು ಅಲ್ಲಿಗೆ ಹಾಜರಾದ. ತಂತಿ ಎಲ್ಲಿ ಕೊಳ್ಳುತ್ತೀರಿ ಎಂದು ಕೇಳಲು ಬಂದನಂತೆ. ಮುಂದಿನ ವಾರ ಆಂಪ್ಲಿಫೈಯರಿನ ಗುಂಯ್ ಸದ್ದಿನ ವಿಷಯ. ಅದರ ಮುಂದಿನ ವಾರ ನೆಪ ಸಿಗದೆ, “ಸುಮ್ನೆ ಬಂದೆ” ಎಂದ.

“ಪಾಪ, ನೆಪ ಎಲ್ಲಾ ಖರ್ಚಾಗೋಯ್ತು” ಎಂದು ಅಣ್ಣ ತಂಗಿಯ ಕಿವಿಯಲ್ಲಿ ಉಸುರಿದ.

“ಸುಮ್ನಿರಣ್ಣ, ಕೇಳ್ಸತ್ತೆ.”

“ಕೇಳಿಸ್ಲಿ ಅಂತಾನೇ ಹೇಳಿದ್ದು.”

ಅಣ್ಣ ಮೆಟ್ಟಿಲಿಳಿದು ಹೋದ ಮೇಲೆ ಇಬ್ಬರೂ ಎದುರುಬದುರು ಕೂತು ನುಡಿಸುತ್ತಿದ್ದರು. ಮಾತು ಕಡಿಮೆ. ಅವನು ತಪ್ಪು ಹುಡುಕಿದರೆ ಅವಳು, “ಇದು ನನ್ನ ಕೋಣೆ ಮೇಷ್ಟ್ರೇ, ಇಲ್ಲಿ ಕನ್ನಡಕದ ಮೇಲಿಂದ ನೋಡೋ ಹಾಗಿಲ್ಲ” ಎನ್ನುತ್ತಿದ್ದಳು. ಅವನು ಕನ್ನಡಕವನ್ನೇ ತೆಗೆದಿಟ್ಟುಬಿಡುತ್ತಿದ್ದ. ಆಗ ಆ ಮುಖ ಎಷ್ಟು ಎಳೆಯದಾಗಿ ಕಾಣುತ್ತಿತ್ತೆಂದರೆ ಅವಳೇ ದೃಷ್ಟಿ ತಪ್ಪಿಸಬೇಕಾಗುತ್ತಿತ್ತು.

ಒಂದು ದಿನ ನುಡಿಸುತ್ತಿದ್ದವನು ತಟ್ಟನೆ ನಿಲ್ಲಿಸಿದ.

“ನಿಮ್ಮ ಕೈಗೆ ಏನಾಗಿದೆ?”

“ಏನಿಲ್ಲ.”

“ಸ್ವರ ನಡುಗ್ತಿದೆ.”

“ಅದು ನಾನು ಬೇಕಂತಲೇ ಕೊಡೋ ಕಂಪನ.”

“ನೀವು ಕೊಡೋ ಕಂಪನ ನಂಗೆ ಗೊತ್ತು. ಇದು ಅದಲ್ಲ.”

ಬೇರೆ ಯಾರಿಗೂ ತಿಳಿಯದ್ದು ಅವನಿಗೆ ತಿಳಿದಿತ್ತು. ಅವಳು ಸರಳನ್ನು ಕೆಳಗಿಟ್ಟಳು. ಎಷ್ಟೋ ಕಾಲದಿಂದ ಮುಚ್ಚಿಟ್ಟಿದ್ದು ಹೊರಗೆ ಬಂತು. ಎಡಗೈ ಬೆರಳು ಜೋಮು ಹಿಡಿಯುತ್ತದೆ. ಬೆಳಿಗ್ಗೆ ಎದ್ದರೆ ಕೈ ತನ್ನದೇ ಅಲ್ಲ ಅನ್ನಿಸುತ್ತದೆ. ಲೋಟ ಜಾರುತ್ತದೆ, ಗುಂಡಿ ಹಾಕಲು ಆಗುವುದಿಲ್ಲ.

“ಡಾಕ್ಟರಿಗೆ ತೋರ್ಸಿದ್ರಾ?”

“ಹೋಟೆಲಿನ ಕೆಲಸ ಸಿಗ್ಲಿ, ಆಮೇಲೆ.”

ಮದುವೆ ನಡೆದಿದ್ದ ಅದೇ ಹೋಟೆಲು. ವರ್ಷವಿಡೀ ಪ್ರತಿ ಸಂಜೆ ನುಡಿಸಲು ಒಂದು ಬ್ಯಾಂಡ್ ಹುಡುಕುತ್ತಿದ್ದರು. ಎರಡೂ ತಂಡಗಳು ನುಡಿಸಿ ತೋರಿಸಿದ್ದವು. ಅವಳದೇ ಬಹುತೇಕ ಖಾಯಂ ಎಂದು ಮ್ಯಾನೇಜರು ಬಾಯಿ ಬಿಟ್ಟಿದ್ದ. ಮದುವೆ, ಹುಟ್ಟುಹಬ್ಬ ಎಂದು ಊರೂರು ಅಲೆದು ಸುಸ್ತಾದ ತಂಡಕ್ಕೆ ಕಾಲೂರಲು ಒಂದು ನೆಲೆ.

“ಯಾರಿಗೂ ಹೇಳ್ಬೇಡಿ” ಎಂದಳು. “ಅಣ್ಣನಿಗೂ.”

ಅವನು ಆ ಸರಳನ್ನು ತನ್ನ ಕಡೆ ಎಳೆದುಕೊಂಡ. “ಹೇಳಲ್ಲ. ಆದ್ರೆ ಡಾಕ್ಟರ ಹತ್ರ ಹೋಗೋವರೆಗೂ ದಿನಾ ಬಂದು ನಿಮ್ಮ ಜೊತೆ ಜಗಳ ಆಡ್ತೀನಿ.”

“ದಿನಾ ಬರೋದಕ್ಕೆ ಇದೊಂದು ನೆಪಾನಾ?”

“ಹೌದು” ಎಂದ, ಮುಚ್ಚುಮರೆಯಿಲ್ಲದೆ.

* * *

ಆದರೆ ಹೋಟೆಲಿನಿಂದ ಬಂದ ಫೋನು ಬೇರೆಯೇ ಆಗಿತ್ತು.

“ಬೇಜಾರು ಮಾಡ್ಕೋಬೇಡಿ ಮೇಡಂ” ಎಂದ ಮ್ಯಾನೇಜರು. “ನಿಮ್ಮ ಕೈಗೆ ತೊಂದ್ರೆ ಇದೆ ಅಂತ ಗೊತ್ತಾಯ್ತು. ವರ್ಷದ ಮಾತು ನೋಡಿ... ಅದಕ್ಕೇ ಮೇಷ್ಟ್ರ ತಂಡಕ್ಕೆ ಕೊಟ್ವಿ.”

ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಕೇಳುವುದೇನಿತ್ತು? ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಮೇಷ್ಟ್ರ ತಂಡ ಅಭ್ಯಾಸ ಮಾಡುತ್ತಿದ್ದದ್ದು ಮುಚ್ಚಿಹೋದ ಒಂದು ಸಿನಿಮಾ ಮಂದಿರದಲ್ಲಿ. ಹರಿದ ಕುರ್ಚಿಗಳ ಸಾಲು ದಾಟಿ ಅವಳು ಸೀದಾ ವೇದಿಕೆಯ ಮುಂದೆ ಹೋಗಿ ನಿಂತಳು. ಆರೂ ಜನರ ಕೈ ನಿಂತಿತು.

“ನೀನು ಹೇಳಿದ್ದಾ?”

ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವಳ ಬಾಯಲ್ಲಿ ಮೊದಲ ‘ನೀನು’ ಹೀಗೆ ಬಂತು.

ಅವನು ಎದ್ದು ನಿಂತ. “ನಾನು ಹೇಳಿಲ್ಲ.”

“ಮತ್ತೆ ಕೆಲಸ ತಗೊಂಡೆ?”

“ತಗೊಂಡೆ. ಬೇಡ ಅಂದಿದ್ರೆ ಅದು ನಿಮಗೆ ವಾಪಸ್ ಬರ್ತಿರ್ಲಿಲ್ಲ, ಬೇರೆ ಯಾರಿಗೋ ಹೋಗ್ತಿತ್ತು. ನನ್ನನ್ನ ನಂಬ್ಕೊಂಡು ಆರು ಜನ ಇದ್ದಾರೆ.”

“ನನ್ನನ್ನ ನಂಬ್ಕೊಂಡೂ ಇದ್ದಾರೆ.” ಅವಳ ದನಿ ಒಡೆಯಿತು. “ನನ್ನ ಕೈ ತೋರ್ಸಿ ನಿನ್ನ ಬ್ಯಾಂಡಿಗೆ ನೆಲೆ ಮಾಡ್ಕೊಂಡೆ. ಇನ್ನು ಆ ಮೆಟ್ಟಿಲು ಹತ್ತಬೇಡ.”

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಆ ಮುಚ್ಚಿದ ಬಾಯನ್ನೇ ಅವಳು ತಪ್ಪೊಪ್ಪಿಗೆ ಎಂದುಕೊಂಡಳು.

ಮೇಷ್ಟ್ರು ಮತ್ತೆ ಬರಲಿಲ್ಲ. ಬರಬೇಡ ಎಂದವಳು ತಾನೇ. ಆದರೂ ಲಾಂಡ್ರಿಯ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸದ್ದಾದರೂ ಅವಳ ಕೈ ತಂತಿಯ ಮೇಲೆ ನಿಲ್ಲುತ್ತಿತ್ತು... ‘ನಾಚಿಕೆಗೆಟ್ಟ ಮನಸ್ಸೇ’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

* * *

ಒಂದು ಹುಟ್ಟುಹಬ್ಬದ ಮಧ್ಯಾಹ್ನ ಅದು ಆಗಿಯೇಹೋಯಿತು. ಹಾಡಿನ ನಟ್ಟನಡುವೆ ಸರಳು ಅವಳ ಬೆರಳಿಂದ ಜಾರಿತು. ತಂತಿಗಳ ಮೇಲೆ ಬಿದ್ದು ಕಿಟಾರನೆ ಕಿರುಚಿ, ಉರುಳಿ, ನೆಲಕ್ಕೆ ಬಿತ್ತು. ಬಾಗಿ ಎತ್ತಿಕೊಳ್ಳಲು ಹೋದಳು. ಬೆರಳುಗಳು ಮಾತು ಕೇಳಲಿಲ್ಲ.

ಅಣ್ಣ ಡ್ರಮ್ಮು ಬಿಟ್ಟು ಬಂದು ಎತ್ತಿದ. ಅತಿಥಿಗಳಿಗೆ ಕೈ ಮುಗಿದು ಏನೋ ತಮಾಷೆ ಮಾಡಿ, ಉಳಿದ ಹಾಡುಗಳನ್ನು ಗಾಯಕನ ಮೇಲೆ ಹಾಕಿದ. ವ್ಯಾನಿನಲ್ಲಿ ಕೂತ ಮೇಲೆ ಮಾತ್ರ ಅವನ ಮುಖ ಕಳೆಗುಂದಿತು.

“ಹೋಟೆಲಿನವರಿಗೆ ಹೇಳಿದ್ದು ನಾನು.”

ಅವಳು ಅವನ ಕಡೆ ತಿರುಗಿದಳು. “ಏನಂದೆ?”

“ನಿನ್ನ ಜೊತೆ ಒಂದೇ ಮನೇಲಿ ಇದೀನಿ, ನಂಗೆ ಕಾಣಲ್ವಾ? ಬಲಗೈಯಲ್ಲೇ ಜಡೆ ಹಾಕ್ಕೊಳ್ಳೋಕೆ ಒದ್ದಾಡ್ತೀಯ. ಆ ಕೆಲಸ ಸಿಕ್ಕಿದ್ರೆ ಇನ್ನೊಂದು ವರ್ಷ ಡಾಕ್ಟರ ಮುಖ ನೋಡ್ತಿರ್ಲಿಲ್ಲ ನೀನು. ಕೈ ಹೋಗ್ಬಿಡ್ತಿತ್ತು.”

“ಅದು ನನ್ನ ಕೈ, ಅಣ್ಣ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು.”

“ಕೇಳ್ಬೇಕಿತ್ತು” ಎಂದ. “ತಪ್ಪು ಮಾಡ್ದೆ.”

“ಮೇಷ್ಟ್ರಿಗೆ ಇದು ಗೊತ್ತಾ?”

ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ. “ಮ್ಯಾನೇಜರ್ ಹೇಳಿದ್ನಂತೆ. ನೀನು ಹೋಗಿ ಬೈದು ಬಂದ ದಿನಾನೇ ನನ್ನ ಹತ್ರ ಬಂದಿದ್ದ. ಚೆನ್ನಾಗಿ ಬೈದ. ‘ನಾನೇ ಹೋಗಿ ಅವಳಿಗೆ ಹೇಳ್ತೀನಿ’ ಅಂದೆ. ಬೇಡ ಅಂದ. ‘ಅವಳ ಕೋಪ ನನ್ನ ಮೇಲೇ ಇರ್ಲಿ, ಕೈ ಇಲ್ಲದ ಹೊತ್ತಲ್ಲಿ ಮನೇಲಿ ಒಬ್ರಾದ್ರೂ ಅವಳ ಪಾಲಿಗೆ ಇರ್ಬೇಕು’ ಅಂದ.”

ವ್ಯಾನು ಸಿಗ್ನಲ್ಲಿನಲ್ಲಿ ನಿಂತಿತ್ತು. ಅವಳು ಅತ್ತದ್ದು ಯಾವುದಕ್ಕೆಂದು ಅವಳಿಗೇ ತಿಳಿಯಲಿಲ್ಲ. ಅಣ್ಣನ ಮೇಲಿನ ಸಿಟ್ಟಿಗೋ, ತನ್ನ ಮೇಲಿನ ಸಿಟ್ಟಿಗೋ... ಕನ್ನಡಕ ತೆಗೆದಿಟ್ಟ ಆ ಮುಖಕ್ಕೋ.

* * *

ಇನ್ನೂ ತಡಮಾಡಿದರೆ ಕೈ ಹೋಗುತ್ತದೆ ಎಂದು ಡಾಕ್ಟರೂ ಅಣ್ಣನ ಮಾತನ್ನೇ ಹೇಳಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ. ಚಿಕ್ಕ ಶಸ್ತ್ರಚಿಕಿತ್ಸೆ, ಆಮೇಲೆ ಕೆಲವು ತಿಂಗಳು ಸರಳು ಮುಟ್ಟುವಂತಿಲ್ಲ.

ಅಲ್ಲಿಂದ ಅವಳು ನೇರ ಹೋಟೆಲಿಗೆ ನಡೆದಳು. ಸಂಜೆಗಿನ್ನೂ ಹೊತ್ತಿತ್ತು. ಮೇಜುಗಳ ಮೇಲೆ ಕುರ್ಚಿ ಕವುಚಿ ಹಾಕಿ ನೆಲ ಒರೆಸುತ್ತಿದ್ದರು. ಅವನೊಬ್ಬನೇ ವೇದಿಕೆಯಲ್ಲಿ ಕೂತು ತಂತಿ ಬದಲಿಸುತ್ತಿದ್ದ.

ಅವಳನ್ನು ಕಂಡು ಎದ್ದ. ಎದ್ದ ರಭಸಕ್ಕೆ ಸ್ಟೂಲು ಬಿತ್ತು.

“ಅಣ್ಣ ಎಲ್ಲಾ ಹೇಳ್ದ” ಎಂದಳು. “ನನ್ನಿಂದ ತಪ್ಪಾಯ್ತು.”

“ನಂಗೇನೂ...”

“ಏನೂ ಆಗಿಲ್ಲ ಅಂತ ಹೇಳ್ಬೇಡ. ಆರು ಜನರ ಮುಂದೆ ಅವಮಾನ ಮಾಡ್ದೆ.”

ಅವನು ಸ್ಟೂಲನ್ನು ಎತ್ತಿ ನಿಲ್ಲಿಸಿದ. “ನೋವಾಯ್ತು” ಎಂದು ಒಪ್ಪಿಕೊಂಡ. “ಬೈದಿದ್ದಕ್ಕಲ್ಲ. ಮೆಟ್ಟಿಲು ಹತ್ತಬೇಡ ಅಂದ್ಯಲ್ಲ, ಅದಕ್ಕೆ.”

ಅವಳು ವೇದಿಕೆಯ ಅಂಚಿನಲ್ಲಿ ಕೂತಳು. ಅವನೂ ಬಂದು ಪಕ್ಕದಲ್ಲಿ ಕೂತ, ನಡುವೆ ಒಂದು ಗೇಣು ಜಾಗ ಬಿಟ್ಟು.

“ಇಲ್ಲಿಗೆ ಎರಡು ಕೆಲಸದ ಮೇಲೆ ಬಂದೆ” ಎಂದಳು. “ಒಂದು ಆಯ್ತು. ಇನ್ನೊಂದು... ನನ್ನ ತಂಡಕ್ಕೆ ಕೆಲವು ತಿಂಗಳು ಸ್ಟೀಲ್ ಗಿಟಾರ್ ನುಡಿಸೋರು ಒಬ್ರು ಬೇಕು. ಹಗಲಿನ ಕಾರ್ಯಕ್ರಮಗಳಿಗೆ.”

ಅವನು ಅವಳ ಕಡೆ ತಿರುಗಿದ. “ಈ ಹೋಟೆಲ್ ಬಿಟ್ಟು ಬಾ ಅಂದ್ರೂ ಬರ್ತೀನಿ.”

“ಬಿಡ್ಬೇಡ. ನಿನ್ನ ಹುಡುಗರ ಅನ್ನ ಕಿತ್ಕೊಂಡು ನನ್ನ ತಂಡ ನಡೀಬೇಕಾ? ಸಂಜೆ ಇಲ್ಲಿ ನೀನು ಹೇಳಿದ ಹಾಗೆ, ಹಗಲು ಅಲ್ಲಿ ನಾನು ಹೇಳಿದ ಹಾಗೆ. ಮುಂದೆ ನಿಂತು ತಂಡ ನಡೆಸೋಳು ನಾನೇ.”

“ನಿಂಗೆ ಬೇಕಾದ ಹಾಗೆ ನುಡಿಸದಿದ್ರೆ?”

“ಎಲ್ಲರ ಮುಂದೆ ಬೈತೀನಿ.”

ಅವನು ನಕ್ಕ. ಆಮೇಲೆ ನಗು ನಿಂತಿತು. ಅವಳ ಎಡಗೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ಒಂದು ಮಾತು. ಈ ಕೈ ಇನ್ನು ಯಾವತ್ತೂ ನುಡಿಸದೇ ಹೋದ್ರೂ...”

“ನುಡಿಸತ್ತೆ.”

“ನುಡಿಸತ್ತೆ. ನುಡಿಸದಿದ್ರೂ ನಂಗೆ ಬೇಕು. ಇಷ್ಟು ದಿನ ನೆಪ ಹುಡುಕಿದ್ದೆಲ್ಲ ಇದನ್ನ ಹೇಳೋಕೆ.”

ಜೋಮು ಹಿಡಿದ ಬೆರಳಿಗೆ ಅವನ ಕೈಯ ಬಿಸಿ ಸರಿಯಾಗಿ ತಿಳಿಯಲಿಲ್ಲ. ಅವಳು ಬಲಗೈಯನ್ನೂ ತಂದು ಅದರ ಮೇಲಿಟ್ಟಳು. ಅದಕ್ಕೆ ತಿಳಿಯಿತು.

* * *

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅಣ್ಣ ಒಂದು ಬೆಂಚಿನ ಮೇಲೆ, ಮೇಷ್ಟ್ರು ಇನ್ನೊಂದರ ಮೇಲೆ. ಅವಳು ಅಣ್ಣನ ಮೇಲಿನ ಸಿಟ್ಟು ಪೂರ್ತಿ ಬಿಟ್ಟಿರಲಿಲ್ಲ. ಆದರೆ ಜಡೆ ಹಾಕಿಕೊಟ್ಟಿದ್ದು ಅವನೇ, ಸೊಟ್ಟಸೊಟ್ಟಗೆ.

ನರ್ಸು ಬಾಗಿಲಿಗೆ ಬಂದು ಅವಳನ್ನು ಒಳಗೆ ಕರೆದಳು. “ಪೇಷಂಟ್ ಜೊತೆ ಒಬ್ರಿಗೆ ಮಾತ್ರ ಅವಕಾಶ.”

ಅಣ್ಣ ಕೂತಲ್ಲಿಂದಲೇ ಮೇಷ್ಟ್ರಿಗೆ ಕೈಸನ್ನೆ ಮಾಡಿದ. “ಹೋಗು.”

ನರ್ಸು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀವು ಇವರಿಗೆ ಏನಾಗ್ಬೇಕು?”

ಮೇಷ್ಟ್ರು ತಬ್ಬಿಬ್ಬಾದ. “ಅದು... ನಾನು ಇವರ ಬ್ಯಾಂಡಲ್ಲಿ...” ಎಂದು ತಡವರಿಸಿ, ಸೋತು, ಅವಳ ಕಡೆ ನೋಡಿದ. “ಏನಾಗ್ಬೇಕು ಅಂತ ಕೇಳ್ತಿದ್ದಾರೆ.”

“ಗಂಡ ಆಗ್ಬೇಕು” ಎಂದಳು ಅವಳು.

“ಆಗ್ಬೇಕಾ, ಆಗಿದ್ದಾರಾ?” ನರ್ಸಿಗೆ ಅವಸರ.

“ಕೈ ವಾಸಿ ಆಗ್ಲಿ. ಆಗ್ತಾರೆ.”

ಬೆಂಚಿನ ಮೇಲೆ ಅಣ್ಣ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿದ್ದದ್ದು ನಗುವಿಗೋ ಅಳುವಿಗೋ ಹೇಳುವಂತಿರಲಿಲ್ಲ.

ಸಂಜೆಯ ಹೊತ್ತಿಗೆ ಮಂಪರು ಇಳಿಯಿತು. ಮಣಿಕಟ್ಟಿಗೆ ದಪ್ಪ ಬ್ಯಾಂಡೇಜು. ಹೊರಗೆ ಇಣುಕುತ್ತಿದ್ದದ್ದು ಬೆರಳ ತುದಿಗಳು ಮಾತ್ರ. ಹೋಟೆಲಿನ ಕೆಲಸಕ್ಕೆ ಹೊತ್ತಾಗುತ್ತಿದ್ದರೂ ಮೇಷ್ಟ್ರು ಕದಲಿರಲಿಲ್ಲ. ಮೆಲ್ಲಗೆ ತನ್ನ ಬೆರಳನ್ನು ಅವಳ ಬೆರಳ ತುದಿಗೆ ತಾಗಿಸಿದ.

“ತಿಳೀತಿದೆಯಾ?”

ಅವಳು ಸ್ವರ ಹುಡುಕುವವಳಂತೆ ಕಣ್ಣು ಮುಚ್ಚಿಕೊಂಡಳು.

“ತಿಳೀತಿದೆ.”

“ಏನು?”

“ನಿನ್ನ ಕೈ ನಡುಗ್ತಿದೆ.”

“ಹೂಂ” ಎಂದ ಅವನು. “ಬೆಳಿಗ್ಗೆಯಿಂದ.”