ಗಂಟೆ ಬಿಚ್ಚಿಟ್ಟ ನರಿ

ಒಂದಾನೊಂದು ಊರು. ಆ ಊರಾಚೆ ಒಂದು ನರಿ. ಸತ್ತ ಕುರಿಯ ಕೊರಳಿಂದ ಗಂಟೆ ಬಿಚ್ಚಿ ತನ್ನ ಕೊರಳಿಗೆ ಕಟ್ಟಿಕೊಂಡಿತಂತೆ. ಕತ್ತಲಾದ ಮೇಲೆ ಹಿಂಡಿನೊಳಗೆ ಸೇರಿತಂತೆ. ಕುರಿಗಳು ಕಿವಿ ನಿಮಿರಿಸಿದವಂತೆ... ಗಂಟೆಯ ಸದ್ದು! ಅಂದರೆ ನಮ್ಮವನೇ!

ಕಿಣ್ಣಿ ಸುಲ್ತಾನ ಅನ್ನುವ ನಮ್ಮೂರಿನ ಮನೆಕಟ್ಟೆಯ ಮೇಲೆ ನನ್ನಜ್ಜಿ ಹಣಮವ್ವ ಹೇಳುತ್ತಿದ್ದ ಕತೆ. ಇಲ್ಲಿಗೆ ಬಂದಾಗ ಎಲೆಗೆ ಸುಣ್ಣ ಹಚ್ಚಲು ನಿಲ್ಲಿಸುತ್ತಿದ್ದಳು.

ನಾನೂ ಇಲ್ಲೇ ನಿಲ್ಲಿಸುತ್ತೇನೆ.

ಯಾಕೆಂದರೆ ನರಿಯ ಕೈಯಲ್ಲಿ ನನ್ನ ಜಡೆಯಿದೆ!

ಭೀಮಾ ಹೊಳೆಯ ಸೇತುವೆ. ಮಟಮಟ ಮಧ್ಯಾಹ್ನ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಿಂದೆ ಬಸ್ಸು, ಲಾರಿ. ಪೂರ್ತಿ ಜಾಮ್. ಸೊಂಟದಿಂದ ಮೇಲೆ ನಾನು ಕಟಕಟೆಯ ಆಚೆಗಿದ್ದೆ. ಕೆಳಗೆ ಬಂಡೆ. ಬಂಡೆಯ ಸುತ್ತ ನೀರು.

"ಅಣ್ಣಾವ್ರೇ... ಬಿಡಿಸ್ರೀ!" ಕಿರುಚಿದೆ.

"ನನ್ನ ಹೆಂಡ್ತಿರೀ!" ಜಡೆ ಹಿಡಿದವನು ನನಗಿಂತ ಜೋರಾಗಿ ಕೂಗಿದ. "ಮನೀ ಬಿಟ್ಟು ಓಡಿ ಹೊಂಟಾಳ! ಮಕ್ಕಳು ಅಳಾಕತ್ತಾವ ಮನ್ಯಾಗ!"

ಅಷ್ಟೇ! ಇಳಿಯಲು ಹೊರಟಿದ್ದ ಟ್ರ್ಯಾಕ್ಟರಿನವನು ಮತ್ತೆ ಸೀಟಿನ ಮೇಲೆ ಕೂತ. ಬಸ್ಸಿನ ಕಿಟಕಿಯಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದು ನೋಡಿದಳು. ಗಂಡ ಹೆಂಡಿರ ಜಗಳ... ನಡುವೆ ಯಾರು ಹೋಗುತ್ತಾರೆ?

ಇಂಥ ಮಾತಲ್ಲೇ ಅವನು ಹೊಟ್ಟೆ ಹೊರೆಯುತ್ತಿದ್ದದ್ದು.

ನಾನು ಈ ಕಟಕಟೆಯ ಮೇಲೆ ಹೇಗೆ ಬಂದು ಬಿದ್ದೆ ಅಂತೀರಾ? ಕೇಳಿ.

ನನ್ನ ಹೆಸರು ಸುಭದ್ರಾ. ದಂಧೆ, ಅಭಿಪ್ರಾಯ. ಆಳಂದ, ಅಫಜಲಪುರ, ಜೇವರ್ಗಿ... ಎಲ್ಲಿ ಹೊಸ ಸಿನಿಮಾ ಬಿದ್ದರೂ ಟಾಕೀಸಿನ ಗೇಟಿಗೆ ಮೈಕ್ ಹಿಡಿದು ನಿಲ್ಲುತ್ತೇನೆ. 'ಸಿನಿಮಾ ಹೆಂಗಿತ್ರಿ?' ನನ್ನದೇ ಚಾನೆಲ್ಲು. ಒಳ್ಳೆಯ ಮಾತು ಬೇಕಾದವರಿಗೆ ಒಳ್ಳೆಯ ಮಾತು ಹುಟ್ಟಿಸಿ ಕೊಡುತ್ತೇನೆ. ಆಡಿದ ಮಾತನ್ನು ನುಂಗಬೇಕಾದವರಿಗೆ ವಿಡಿಯೋ ಮಾಯ ಮಾಡಿಯೂ ಕೊಡುತ್ತೇನೆ.

ಆ ವಾರದ್ದು ಕಾಮಿಡಿ. ಇಬ್ಬರು ಮೋಸಗಾರರು. ಅವನು ಸುಳ್ಳು ಮದುಮಗ, ಅವಳು ಅವನ ಸುಳ್ಳು ಅಕ್ಕ. ಊರೂರಲ್ಲಿ ಮದುವೆ, ಮಾರನೇ ವಾರ ಬಂಗಾರದ ಸಮೇತ ಪರಾರಿ. ಕೊನೆಗೆ ಅವರಿಬ್ಬರ ನಡುವೆಯೇ ಲವ್ವು!

ಆಳಂದದಲ್ಲಿ ಮ್ಯಾಟ್ನಿ ಬಿಟ್ಟಿತ್ತು.

"ನಕ್ಕು ನಕ್ಕು ಹೊಟ್ಟಿ ಹುಣ್ಣಾತ್ರಿ!" ಅಂದ ಒಬ್ಬ ಆಟೋದವನು.

"ಹೀರೋ ಮಸ್ತ್ ಅದಾನ! ಅಂಥಾವ ನನಗ ಮೋಸ ಮಾಡಿದ್ರೂ ನಡೀತದ ನೋಡ್ರಿ!" ಇದು ಕಾಲೇಜು ಹುಡುಗಿ. ಗೆಳತಿಯರು ಅವಳ ಬೆನ್ನಿಗೆ ಗುದ್ದಿದರು.

"ಸೆಕೆಂಡ್ ಹಾಫ್ ಜರಾ ಎಳದಾರ. ಒಂದ ಫೈಟ್ ಇಲ್ಲಂದ್ರ ಹೆಂಗ?"

ಆಮೇಲೆ ಒಬ್ಬಳು ಬಂದಳು. ಮೂವತ್ತರ ಆಚೆ ಈಚೆ. ಕೈಬೆರಳ ತುದಿಯಲ್ಲಿ ಸುಟ್ಟ ಕಲೆ. ಕಣ್ಣು ಕೆಂಪು.

"ಸಿನಿಮಾ ಹೆಂಗಿತ್ರಿ ಅಕ್ಕಾ?"

"ಸುಳ್ಳು."

"ಏನ್ ಸುಳ್ಳು?"

"ಕೊನೀಗಿ ಅವ ಅಕೀ ಸಂಗಾಟ ಉಳೀತಾನ ಅಂತ ತೋರ್ಸ್ಯಾರಲ್ಲ... ಅದು. ಅಂಥಾಂವ ಉಳಿಯಂಗಿಲ್ಲ ತಂಗಿ. ಅಕಿನ್ನೂ ಬಿಟ್ಟು ಹೋಗ್ತಾನ."

ಸುತ್ತ ನಿಂತವರು ಹೋ ಎಂದು ನಕ್ಕರು. ಅವಳು ನಗಲಿಲ್ಲ. ಹೋದಳು.

ವಿಡಿಯೋ ಹಾಕಿದೆ. ಓಡಿತು.

ಅದನ್ನು ನೋಡಿ ಅಫಜಲಪುರ ತಾಲೂಕಿನ ಅತನೂರದಿಂದ ಒಬ್ಬ ಹುಡುಗಿ ನನ್ನ ಮನೆಬಾಗಿಲಿಗೆ ಬಂದಳು. ಹೆಸರು ವಿಜಯಶ್ರೀ. ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಪರದೆಯ ಮೇಲೆ ಆ ಕೆಂಪು ಕಣ್ಣಿನವಳು.

"ಇಕಿ ನನ್ನ ಗಂಡನ ಅಕ್ಕ!"

"ಗಂಡ ಎಲ್ಲಿ?"

"ಗಂಡನೂ ಸುಳ್ಳು. ಅಕ್ಕನೂ ಸುಳ್ಳು. ಲಗ್ನಕ್ಕ ಹಾಕಿದ್ದ ನನ್ನ ಬಂಗಾರ ಒಂದ ಖರೇ ಇತ್ತು. ಅದೂ ಹೋತು."

"ಪೊಲೀಸರು?"

"ಅಪ್ಪ ಬ್ಯಾಡ ಅಂದ. ಮಾನ ಹೋಗ್ತದಂತ. ಹೋದ್ರ ತೋರ್ಸಾಕ ಅವನ ಫೋಟೋರ ಎಲ್ಲದ? ಲಗ್ನದ ಫೋಟೋ ತಗಿಯಾಂವನ್ನೂ ಅವನ ಕರ್ಕೊಂಡು ಬಂದಿದ್ದ, ಒಂದೂ ಫೋಟೋ ನಮ್ಮ ಕೈಗಿ ಬರ್ಲಿಲ್ಲ!"

ಬಂಗಾರದ ಮಾತಾಗಿದ್ದರೆ ನಾನು ಕೈಮುಗಿದು ಕಳಿಸುತ್ತಿದ್ದೆ. ಅವಳು ಬಾಗಿಲಲ್ಲೇ ಕುಸಿದು ಕೂತಳು.

"ಆಯಿ ಸಾಯಾಕತ್ತಾಳ್ರೀ ಅಕ್ಕಾ..."

ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತೇವೆ. ವಿಜಯಶ್ರೀಯ ಜೊತೆ ಅತನೂರಕ್ಕೆ ಹೋದೆ. ಆಯಿಯ ಹೆಸರು ಶಿವಕಾಂತಾ. ಹೊರಸಿನ ಮೇಲೆ ಒಂದು ಮಡಿಕೆ ಸೀರೆಯಂತೆ ಮಲಗಿದ್ದಳು. ಕೊರಳು ಬರಿದು. ಚಿಕ್ಕಂದಿನಲ್ಲಿ ಗುರು ಕೊಟ್ಟ ಇಷ್ಟಲಿಂಗ, ಅತ್ತೆಯಿಂದ ಬಂದ ಬೆಳ್ಳಿ ಕರಡಿಗೆಯೊಳಗೆ ಸದಾ ಅವಳ ಎದೆಯ ಮೇಲಿರುತ್ತಿತ್ತು. ದಿನವೂ ಅದನ್ನು ಅಂಗೈಯಲ್ಲಿಟ್ಟು ಪೂಜಿಸಿದ ಮೇಲೇ ಅನ್ನ. ಅವಳು ಜ್ವರದಲ್ಲಿ ಮೈಮರೆತಾಗ ಮೊಮ್ಮಗಳ ಹೊಸ ಗಂಡ ಪಕ್ಕದಲ್ಲೇ ಕೂತು ಕಾಲೊತ್ತಿದನಂತೆ. ಜ್ವರ ಇಳಿದಾಗ ಕೊರಳ ಶಿವದಾರ ತುಂಡಾಗಿತ್ತು. ಕರಡಿಗೆಯೂ ಇಲ್ಲ, ಲಿಂಗವೂ ಇಲ್ಲ. ಅಂದಿನಿಂದ ಅವಳ ಬಾಯಿಗೆ ನೀರು ಬಿಟ್ಟರೆ ಏನೂ ಹೋಗಿರಲಿಲ್ಲ.

"ಮಠದ ಅಪ್ಪೋರು ಬ್ಯಾರೆ ಲಿಂಗ ಕೊಡ್ತೀನಿ ಅಂದ್ರು. ಇಕಿ ಒಲ್ಲೆ ಅಂದ್ಳು," ಅಂದಳು ವಿಜಯಶ್ರೀ.

ಆಯಿ ಕಣ್ಣು ತೆರೆದಳು. "ನನ್ನ ಲಿಂಗ ಎಲ್ಲೋ ಉಪವಾಸ ಬಿದ್ದದ. ನಾ ಹೆಂಗ ಉಣ್ಣಲಿ?"

ನಾನು ಹೊರಸಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ದಂಧೆಗೆ ಇದು ಒಳ್ಳೆಯದಲ್ಲ!

"ನಿನ್ನ ಲಿಂಗ ನಿನ್ನ ಅಂಗೈಗೆ ತಂದು ಮುಟ್ಟಿಸ್ತೇನಿ, ಆಯಿ."

"ಕೈ ಹಚ್ಚಬ್ಯಾಡ ಮತ್ತ. ಒಬ್ಬರು ಕಟ್ಟಿಕೊಂಡ ಲಿಂಗ ಬ್ಯಾರೆಯೋರು ಮುಟ್ಟಬಾರ್ದು."

"ಹಚ್ಚಂಗಿಲ್ಲ."

ಗೌಸಮೊಹಿದ್ದೀನನಿಗೆ ಫೋನ್ ಮಾಡಿದೆ. ಖಜೂರಿಯವನು. ಟೆಂಪೋ ಅವನದೇ. ಗಡಿಯ ಆಚೆ ಈಚೆ ಅವನಿಗೆ ತಿಳಿಯದ ಧಾಬಾ ಇಲ್ಲ.

"ಅರೆ, ಆ ವಿಡಿಯೋದಾಕಿ? ನಮ್ಮೂರ ಧಾಬಾದಾಗ ರೊಟ್ಟಿ ಬಡೀತಾಳ. ಶೈಲಶ್ರೀ. ಬಾ, ತೋರಸ್ತೇನಿ."

ಶೈಲಶ್ರೀ ನನ್ನನ್ನು ನೋಡಿದ್ದೇ ಹಂಚು ಬಿಟ್ಟು ಹಿತ್ತಲಿಗೆ ಓಡಿದಳು! ನಾನೂ ಓಡಿದೆ. ನಿಂತ ಲಾರಿಗಳ ಸಂದಿ, ಟೈರಿನ ರಾಶಿ, ಮುಳ್ಳುಬೇಲಿ... ಬೇಲಿಗೆ ಅವಳ ಸೆರಗು ಸಿಕ್ಕಿತು.

"ಹೊಡೀರಿ! ಹೊಡದು ಬಿಡ್ರಿ ಒಮ್ಮಿ!"

"ಹೊಡ್ಯಾಕ ಬಂದಿಲ್ಲ. ಮುದುಕಿ ಕರಡಿಗಿ ಎಲ್ಲದ?"

"ಅವನ ಕೊರಳಾಗ."

"ಮಾರಿಲ್ಲ?"

"ಹೊಸಾ ಬೆಳ್ಳಿ ಕಂಡ್ರ ಮಂದಿ ಮನೆತನ ಕೇಳ್ತಾರ, ಸವದ ಬೆಳ್ಳಿ ಕಂಡ್ರ ಕೈ ಮುಗೀತಾರ ಅಂದ. ಅದನ್ನ ಕಟ್ಟಿಕೊಂಡು ಜೇವರ್ಗಿಯಾಗ ಹೊಸಾ ಮನೀ ಹೊಕ್ಕಾನ. ನನ್ನನ್ನ ಇಲ್ಲಿ ಇಳಿಸಿ, ಚಾ ಕುಡೀತಿರು ಬರ್ತೇನಿ ಅಂದ." ಅವಳು ಮುಳ್ಳಿನಿಂದ ಸೆರಗು ಬಿಡಿಸಿಕೊಂಡಳು. "ಆ ಚಾ ಇನ್ನೂ ಕುಡ್ಯಾಕತ್ತೇನಿ."

"ಅಲ್ಲಿ ಏನಂತ ಹೇಳ್ಯಾನ?"

"ಸಿನಿಮಾ ಹಂಚಾಂವ ಅಂತ. ಡಿಸ್ಟ್ರಿಬ್ಯೂಟರ್! ಮಾವ ನಂಬವಲ್ಲ. ನೀ ಮೈಕ್ ಹಿಡದು ಹೋದ್ರ ಅವಗ ದೇವರ ಬಂದಂಗ."

ನಂಬರ್ ಕೊಟ್ಟಳು. ಅಲ್ಲೇ ನಿಂತು ಹಚ್ಚಿದೆ.

"ಸರ್, ನಿಮ್ಮಂಥೋರ ಅಭಿಪ್ರಾಯ ಬೇಕಾಗಿತ್ತು..."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಜೇನಿನಂಥ ಧ್ವನಿ. "ಜೇವರ್ಗಿ ಟಾಕೀಸಿಗಿ ಬಾ. ಡಿಸ್ಟ್ರಿಬ್ಯೂಟರ್ ಸಾಹೇಬ್ರ ಅಂತ ಜೋರಾಗಿ ಕರೀಬೇಕು. ಆದ್ರ ವಿಡಿಯೋ ಹಾಕಬ್ಯಾಡ. ಶೂಟ್ ಮಾಡಿದಂಗ ಮಾಡು, ಸಾಕು. ನನ್ನ ಮಾವ ನೋಡ್ಬೇಕು, ಅಷ್ಟ."

ಸುಳ್ಳು ಅಭಿಪ್ರಾಯ ಮಾರುವವಳಿಗೆ ಸುಳ್ಳು ಇಂಟರ್‌ವ್ಯೂನ ಆರ್ಡರ್!

ಜೇವರ್ಗಿ. ಮಾರ್ನಿಂಗ್ ಷೋ ಬಿಡುವ ಹೊತ್ತು. ಗೌಸ್ ಎದುರು ರಸ್ತೆಯಲ್ಲಿ ಟೆಂಪೋ ಚಾಲೂ ಇಟ್ಟು ಕೂತಿದ್ದ. ಡಿಸ್ಟ್ರಿಬ್ಯೂಟರ್ ಸಾಹೇಬ ಬಂದ. ಬಿಳಿ ಅಂಗಿ, ಹಣೆಯಲ್ಲಿ ಮೂರು ಎಳೆ ವಿಭೂತಿ. ಎದೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಸವೆದ ಬೆಳ್ಳಿ ಕರಡಿಗೆ. ಅತನೂರದಲ್ಲಿ ಶಿವಪ್ರಕಾಶ ಆಗಿದ್ದವನು ಇಲ್ಲಿ ಅನೀಲಕುಮಾರ. ಪಕ್ಕದಲ್ಲಿ ಮಾವನಾಗಲಿರುವ ಶಾಂತಲಿಂಗಪ್ಪ. ದೊಡ್ಡ ಹೊಲದ ಧಣಿ, ಬಿಳಿ ರುಮಾಲು, ಮಾತು ಕಡಿಮೆ.

ಕಾಲರ್ ಮೈಕನ್ನು ಅವನ ಅಂಗಿಗೆ ಸಿಕ್ಕಿಸಿದೆ. ಕ್ಯಾಮೆರಾ ಫೋನನ್ನು ಸ್ಟ್ಯಾಂಡಿಗೆ ಹಾಕಿದೆ. ರೆಕಾರ್ಡ್ ಒತ್ತಿದೆ... ನಿಜವಾಗಿಯೇ ಒತ್ತಿದೆ! ಮುಖ ಸಿಕ್ಕಿತು. ಆದರೆ ಕೊರಳಲ್ಲಿದ್ದದ್ದು?

ಅದಕ್ಕೆ ನನ್ನ ಹತ್ತಿರ ಉಪಾಯವಿರಲಿಲ್ಲ.

"ಡಿಸ್ಟ್ರಿಬ್ಯೂಟರ್ ಸಾಹೇಬ್ರ, ಸಿನಿಮಾ ಹೆಂಗಿತ್ರಿ?"

"ಸಿನಿಮಾ ಅಂದ್ರ ಹಿಂಗಿರಬೇಕು. ಮೋಸ ಮಾಡೂದೂ ಒಂದು ಕಲಾ ನೋಡ್ರಿ. ಹೀರೋ ಯಾರಿಗೂ ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಮಂದಿ ತಾವ ಬಂದು ಕೊಡ್ತಾರ..."

ಟಣ್.

ನನ್ನ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಸದ್ದು. ಅವನು ಕೈಯಾಡಿಸಿದಂತೆಲ್ಲ ಕರಡಿಗೆ ಮೈಕಿಗೆ ಬಡಿಯುತ್ತಿತ್ತು. ಟಣ್... ಟಣ್...

ಕುರಿಯ ಗಂಟೆಯಂತೆ!

ಅಜ್ಜಿ ಎಲೆಯಡಿಕೆ ಉಗಿದು ಕತೆ ಮುಂದುವರಿಸುತ್ತಿದ್ದಳು. 'ನರಿ ಮಲಗಾಕ ಹೋತಂತ. ಗಂಟಿ ಕಿರಿಕಿರಿ ಆತಂತ. ಬಿಚ್ಚಿ ಬಾಜೂಕ ಇಟ್ಟಿತಂತ. ಕುರಿ ಎಂದಾರ ಗಂಟಿ ಬಿಚ್ಚತದೇನ ಮಗಳಾ?'

"ಸರ್, ಕಟ್," ಅಂದೆ. ನನ್ನ ಧ್ವನಿ ನನಗೇ ಕೇಳದಷ್ಟು ಮೆತ್ತಗಿತ್ತು. "ಎದಿಮ್ಯಾಲಿಂದು ಮೈಕಿಗಿ ಬಡ್ಯಾಕತ್ತದ. ಸೌಂಡ್ ಕೆಡ್ತದ."

ಲಿಂಗ ಕಟ್ಟಿಕೊಂಡು ಬೆಳೆದ ಯಾರಾದರೂ ಮೈಕನ್ನು ಕಿತ್ತು ಬೇರೆ ಕಡೆ ಸಿಕ್ಕಿಸುತ್ತಾರೆ. ಮೈಮೇಲಿನ ಲಿಂಗ ತೆಗೆಯಬಾರದೆಂದು ಹಸುಗೂಸಿಗೂ ಗೊತ್ತು.

ಅವನು ಕರಡಿಗೆಯನ್ನು ತಲೆಯ ಮೇಲಿಂದ ತೆಗೆದ. ಮಫ್ಲರ್ ತೆಗೆದಂತೆ!

"ಹಿಡಿ," ಅಂತ ನನ್ನ ಕಡೆ ಚಾಚಿದ. "ಹಾಂ, ಎಲ್ಲಿಗಿ ಬಂದಿದ್ವಿ?"

ದುಪಟ್ಟಾದ ಸೆರಗೊಡ್ಡಿದೆ. ಬಿತ್ತು. ಗಂಟು ಹಾಕಿದೆ.

ಶಾಂತಲಿಂಗಪ್ಪನ ಮುಖ ಕಲ್ಲಾಗಿತ್ತು.

"ಏನ್ ಮಾಡ್ದಿ, ತಮ್ಮಾ?"

"ಏನ್ರಿ ಮಾವಾರ?"

"ಲಿಂಗ ತಗದು ಮಂದಿ ಕೈಯಾಗ ಕೊಟ್ಟಿ." ಮುದುಕನ ಕೈ ಅವನ ಅಂಗಿಯ ಕಾಲರಿಗೆ ಹೋಯಿತು. "ಯಾರ ಮಗ ಲೇ ನೀ?"

ನಾನು ಉತ್ತರಕ್ಕೆ ಕಾಯಲಿಲ್ಲ. ಫೋನ್ ಕಿತ್ತುಕೊಂಡು ಓಡಿದೆ! ಹಿಂದೆ ಅಂಗಿ ಹರಿದ ಸದ್ದು, ಮುದುಕ ಬಿದ್ದ ಸದ್ದು, ಕಾರಿನ ಬಾಗಿಲು ಬಡಿದ ಸದ್ದು.

"ಗೌಸಣ್ಣಾ, ಹೊಡಿ!"

ಟೆಂಪೋ ಹಾರಿತು. ಕನ್ನಡಿಯಲ್ಲಿ ಬಿಳಿ ಕಾರು ದೊಡ್ಡದಾಗುತ್ತ ಬಂತು. ಗೌಸ್ ಎಡಕ್ಕೆ ತಿರುಗಿಸಿದ, ಕಾರೂ ತಿರುಗಿತು. ಬಲಕ್ಕೆ... ಅದೂ ಬಲಕ್ಕೆ. ಸೇತುವೆ ಬಂತು.

ಸೇತುವೆಯ ತುಂಬ ಕಬ್ಬು!

"ಯಾ ಅಲ್ಲಾ," ಅಂದ ಗೌಸ್. ಬ್ರೇಕ್.

ಮುಂದಿನದು ನಿಮಗೆ ಗೊತ್ತು. ಜಡೆ, ಕಟಕಟೆ, ಹೆಂಡತಿ.

ಗೌಸ್ ಜಾಕ್ ಹಿಡಿದು ಬಂದ.

"ಇನ್ನೊಂದ್ ಹೆಜ್ಜಿ ಇಟ್ಟಿಯೋ, ಇಕಿ ಕೆಳಗ!" ಅಂದ ಅವನು. ಗೌಸ್ ನಿಂತ.

ಅವನು ನನ್ನ ದುಪಟ್ಟಾ ಕಿತ್ತ, ಗಂಟನ್ನು ಹಲ್ಲಿನಿಂದ ಬಿಚ್ಚಿದ. ದುಪಟ್ಟಾ ಕಟಕಟೆಯ ಮೇಲೆ ಬಿತ್ತು. ಕರಡಿಗೆಯನ್ನು ದಾರದಿಂದ ಹಿಡಿದು ನೀರಿನ ಮೇಲೆ ತೂಗಿಸಿದ.

"ಇದು ಬೇಕೇನ? ಫೋನ್ ಕೊಡು."

"ಮೊದಲ ಅದನ್ನ ಕೊಡು."

"ವ್ಯಾಪಾರ ನಾ ಮಾಡ್ತೇನಿ ಬೇ. ನೀ ಕೊಡಾಕಿ."

ಫೋನಿನಲ್ಲಿ ಅವನ ಮುಖವಿತ್ತು. ಈ ಭೂಮಿಯ ಮೇಲಿದ್ದ ಅವನ ಒಂದೇ ಚಿತ್ರ. ಅದಿದ್ದರೆ ಜೈಲು. ಅದಿದ್ದರೆ ವಿಜಯಶ್ರೀಯ ಬಂಗಾರ. ಅದಿದ್ದರೆ ಇನ್ನೆಷ್ಟೋ ಮನೆಗಳ ಹುಡುಗಿಯರು...

ಇಲ್ಲೇ ತೂಗುತ್ತಿದ್ದದ್ದು ಒಂದು ಮುದುಕಿಯ ಜೀವ.

ಫೋನ್ ಕೊಟ್ಟೆ.

ಅವನು ಅದನ್ನು ಬಂಡೆಗೆ ಗುರಿಯಿಟ್ಟು ಎಸೆದ. ಚೂರಾಯಿತು. ನಗುತ್ತ ನನ್ನ ಜಡೆ ಬಿಟ್ಟ.

"ಅಭಿಪ್ರಾಯ ಬರ್ಕೋ. ಹೀರೋ ಗೆದ್ದ!"

ಕರಡಿಗೆಯನ್ನು ಹೊಳೆಯ ಕಡೆ ಮೇಲಕ್ಕೆ ಚಿಮ್ಮಿದ.

ದುಪಟ್ಟಾ ಎರಡೂ ಕೈಯಲ್ಲಿ ಹಿಡಿದು ಕಟಕಟೆಯ ಮೇಲೆ ಬಗ್ಗಿದೆ. ಕಾಲು ನೆಲ ಬಿಟ್ಟಿತು. ಉಡಿಯೊಡ್ಡಿದೆ. ಕೆಳಗೆ ಬಂಡೆ, ಮೇಲೆ ಬಿಸಿಲು, ನಡುವೆ ಬೆಳ್ಳಿ... ಉಡಿಯೊಳಗೆ ಧೊಪ್ಪನೆ ಭಾರ ಬಿತ್ತು. ಬಟ್ಟೆ ಪರ್ ಎಂದಿತು.

ಹಿಂದಿನಿಂದ ಯಾರೋ ನನ್ನ ಎರಡೂ ಪಾದ ಹಿಡಿದರು.

"ಹಿಡದೇನಿ, ಬೆಹೆನ್. ಹಿಡದೇನಿ," ಗೌಸ್ ಅಳುತ್ತಿದ್ದ.

ನನ್ನನ್ನು ಎಳೆದು ನೆಲಕ್ಕೆ ಹಾಕುವಷ್ಟರಲ್ಲಿ ಆ ಮೋಸಗಾರ ಇರಲಿಲ್ಲ. ಜಾಮ್‌ನಲ್ಲಿ ಕಾರು ಬಿಟ್ಟು, ಸಂದಿಯಲ್ಲಿ ನುಸುಳುತ್ತಿದ್ದ ಯಾವನದೋ ಬೈಕು ಹತ್ತಿ ಹೋಗಿದ್ದ. ಕದ್ದದ್ದಲ್ಲ... ಬೈಕಿನವನೇ ಕರೆದು ಕೂರಿಸಿಕೊಂಡನಂತೆ. ಪಾಪ, ಹೆಂಡತಿ ಓಡಿಹೋದವನು!

ಅತನೂರ.

ಆಯಿಯನ್ನು ಮೊಮ್ಮಗಳು ಆತು ಹಿಡಿದು ಸ್ನಾನ ಮಾಡಿಸಿದಳು. ಹರಿದ ದುಪಟ್ಟಾವನ್ನು ಆಯಿಯ ಮುಂದೆ ಬಿಚ್ಚಿ ಹಿಂದೆ ಸರಿದೆ.

"ಕೈ ಹಚ್ಚಿಲ್ಲ, ಆಯಿ."

ಅವಳು ಬಗ್ಗಿ ದುಪಟ್ಟಾದಿಂದ ಅದನ್ನು ಎತ್ತಿಕೊಂಡಳು. ಕರಡಿಗೆ ತೆರೆದಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ನೀರು, ವಿಭೂತಿ, ಒಂದು ಪತ್ರಿ. ಬಹಳ ಹೊತ್ತು ನೋಡುತ್ತ ಕೂತಳು... ಎಷ್ಟೋ ದಿನ ಹಸಿದು ಮನೆಗೆ ಬಂದ ಮಗುವನ್ನು ನೋಡುವಂತೆ.

ಬಾಗಿಲ ಹಿಂದೆ ವಿಜಯಶ್ರೀ ನನ್ನ ಮೊಣಕೈ ಹಿಡಿದಳು. "ಅಕ್ಕಾ, ಅವನ ಮಾರಿ ಸಿಕ್ತೇನ್ರಿ?"

"ಸಿಕ್ಕಿತ್ತು. ಹೊಳ್ಯಾಗ ಹೋತು."

ಅವಳು ಅಳಲಿಲ್ಲ. ಅಳುವುದು ಯಾವಾಗಲೋ ಮುಗಿದಿತ್ತು. ಶೈಲಶ್ರೀ ಠಾಣೆಗೆ ಬಂದು ಹೇಳಿಕೆ ಕೊಡುತ್ತೇನೆ ಅಂದಿದ್ದಾಳೆ. ಬಂದರೆ ಬಂದಳು.

ವಿಜಯಶ್ರೀ ಅಂಬಲಿ ತಂದಳು. ಆಯಿ ಕರಡಿಗೆಯನ್ನು ಎದೆಗೆ ಕಟ್ಟಿಕೊಂಡು ಬಟ್ಟಲು ಎತ್ತಿದಳು. ಒಂದು ಗುಟುಕು. ಗಂಟಲಲ್ಲಿ ಇಳಿಯಿತು.

ನಾನು ಎದ್ದೆ. ಕೊಟ್ಟ ಮಾತು ನಡೆಸಿಯಾಗಿತ್ತು.

"ಯವ್ವಾ, ನಿಂದರು." ಆಯಿ ಕರೆದಳು. "ಇದೆಲ್ಲಾ ಒಂದು ಸಿನಿಮಾದಿಂದ ಸುರು ಆತಂತಲ್ಲ... ಹೆಂಗದ ಅದು?"

ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ನನಗೆ ಯಾರೋ ಕೇಳಿದ್ದರು!

"ನೋಡಿದೋರೆಲ್ಲಾ ನಗ್ತಾರ, ಆಯಿ."

"ಕಳ್ಳರನ್ನ ತೋರ್ಸ್ಯಾರ. ಕಳಕೊಂಡೋರನ್ನ ತೋರ್ಸ್ಯಾರೇನು?"

"ಇಲ್ಲ."

ಆಯಿ ಎರಡನೇ ಗುಟುಕು ಕುಡಿದು ಬಾಯಿ ಒರೆಸಿಕೊಂಡಳು.

"ಹಂಗಾದ್ರ ನಗೂ ಬಂದ ಬರ್ತದ ಬಿಡು."