ಚಹಾದಲ್ಲಿ ಬಿದ್ದ ಶೇಂಗಾ ಉಂಡಿ

ಪ್ರಣಾಲಿ ಮೊದಲ ಸಲ ತಲೆಯೆತ್ತಿ ನನ್ನನ್ನು ಸರಿಯಾಗಿ ನೋಡಿದ್ದು, ನಾನು ಆಕೆಯ ಮಾತನ್ನು ಅಲ್ಲಗಳೆದಾಗ.

ಹೆಣ್ಣು ನೋಡಲು ಹೋದವನು ಹಾಗೆಲ್ಲ ಮಾಡಬಾರದು, ನನಗೂ ಗೊತ್ತು. ಔರಾದದಿಂದ ಭಾಲ್ಕಿಗೆ ಬರುವಾಗ ಜೀಪಿನಲ್ಲಿ ಅವ್ವನ ತಂಗಿ ಸುಭದ್ರಾಬಾಯಿ ಮಾವಶಿ ದಾರಿಯುದ್ದಕ್ಕೂ ಅದನ್ನೇ ಹೇಳಿದ್ದಳು. "ಅಶ್ವಜಿತ, ಪೋರಿ ಎಂ.ಎಸ್ಸಿ. ಓದ್ಯಾಳ, ಹೈಸ್ಕೂಲ್ ಟೀಚರ್ ಇದ್ದಾಳ. ನೀ ಬಾಯಿ ತಗೀಬ್ಯಾಡ. ನಕ್ಕರ ಸಾಕು."

ನಾನು ಓದಿದ್ದು ಪಿಯುಸಿ. ಕೆಲಸ ಬೋರ್‌ವೆಲ್ ಗಾಡಿಯ ಮೇಲೆ. ಕಲ್ಲಿನ ವಿದ್ಯೆಯನ್ನು ಅರ್ಧ ನನಗೆ ನೆಲ ಕೊರೆಯುವ ರಾಡು ಕಲಿಸಿತು, ಇನ್ನರ್ಧ ಊಟದ ಹೊತ್ತಿನಲ್ಲಿ ಫೋನು ಕಲಿಸಿತು. ಅಷ್ಟು ಕಲಿತವನ ಬಾಯಿ ಸುಮ್ಮನಿರುವುದು ಕಷ್ಟ.

"ಹತ್ತು ಮಿನಿಟ್ ಮಾತಾಡ್ರಿ" ಎಂದು ನಮ್ಮಿಬ್ಬರನ್ನೇ ಒಳಕೋಣೆಯಲ್ಲಿ ಕೂರಿಸಿ ಹಿರಿಯರು ಹೊರಗೆ ಹೋದರು. ನಡುವೆ ಟೀಪಾಯಿ. ಅದರ ಮೇಲೆ ಎರಡು ಕಪ್ ಚಹಾ, ಒಂದು ತಾಟಿನಲ್ಲಿ ಶೇಂಗಾ ಉಂಡಿ. ಕಪಾಟಿನ ಮೇಲೆ ಹಸಿರು ಪ್ಲಾಸ್ಟಿಕ್ ಡೈನೋಸಾರ್.

"ಇದು ಹ್ಯಾಂಗ ಸತ್ತದ ಅಂತ ಹುಡುಗರಿಗೆ ಹೇಳ್ತೀರಿ?" ಕೇಳಿದೆ.

"ಆಕಾಶದಿಂದ ಕಲ್ಲು ಬಿತ್ತಲ್ರಿ, ಮೆಕ್ಸಿಕೋದಾಗ. ಹತ್ತು ಕಿಲೋಮೀಟರ್ ಅಗಲದ್ದು." ನೆಲ ನೋಡುತ್ತಲೇ ಹೇಳಿದಳು.

"ಅಲ್ಲರಿ. ಕೊಂದದ್ದು ನಮ್ಮ ಕಾಲ ಕೆಳಗಿನ ಕರಿಕಲ್ಲು."

ಆಗ ತಲೆ ಎತ್ತಿದಳು. ಎಡಹುಬ್ಬು ಬಲಹುಬ್ಬಿಗಿಂತ ಒಂದು ಎಳೆ ಮೇಲೆ ಹೋಗಿ ನಿಂತಿತ್ತು. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹುಬ್ಬು ಅದು. ಆ ಹುಬ್ಬಿನ ಎದುರು ಜೀವನಪೂರ್ತಿ ತಪ್ಪು ಲೆಕ್ಕ ಮಾಡಬಹುದು ಅನ್ನಿಸಿತು.

"ಇದೆಲ್ಲ ಲಾವಾ ಅದರಿ," ನಾನು ಬಿಡಲಿಲ್ಲ. "ಇಲ್ಲಿಂದ ಮುಂಬೈತನ ಹರದದ. ಸಾವಿರಗಟ್ಟಲೆ ವರ್ಷ ಹೊಗಿ, ಗಂಧಕ, ವಿಷದ ಗಾಳಿ. ಪಾಪ, ಉಸರುಗಟ್ಟಿ ಸತ್ತಾವ."

"ಊರಿನ ಅಭಿಮಾನಕ್ಕ ಸೈನ್ಸ್ ಅನ್ನಂಗಿಲ್ರಿ."

"ಮೆಕ್ಸಿಕೋದಾಗ ಬಿದ್ದ ಕಲ್ಲಿಗೆ ಸಾಕ್ಷಿ ಏನದರಿ?"

"ಇರಿಡಿಯಂ. ಭೂಮಿ ಮ್ಯಾಲ ಅಪರೂಪದ ಧಾತು, ಆಕಾಶದ ಕಲ್ಲಿನಾಗ ಭಾಳ ಇರ್ತದ. ಅದೇ ಕಾಲದ ಮಣ್ಣಿನಾಗ ಜಗತ್ತಿನ ತುಂಬ ಅದರ ತೆಳ್ಳನ ಪದರ ಸಿಕ್ಕದ. ಮತ್ತೇನು ಸಾಕ್ಷಿ ಬೇಕ್ರಿ, ಕಲ್ಲೇ ಬಂದು ಹೇಳಬೇಕೇನು?"

ಇಬ್ಬರ ದನಿಯೂ ಏರಿತ್ತು. ಹೊರಗೆ ಮಾತು ನಿಂತದ್ದು ನಮಗೆ ಕೇಳಲಿಲ್ಲ.

"ಒಂದು ಕಲ್ಲು ಬಿದ್ರ ಇಡೀ ಜಗತ್ತು ಹಾಳಾಗ್ತದೇನ್ರಿ?" ನಾನು ನಕ್ಕೆ.

"ತೋರಸ್ಲಿ?" ಎಂದವಳೇ ತಾಟಿನಿಂದ ಒಂದು ಉಂಡಿ ಎತ್ತಿ, ಮೊಳದೆತ್ತರದಿಂದ ನನ್ನ ಕಪ್ಪಿನೊಳಗೆ ಬಿಟ್ಟಳು.

ಚಹಾ ಟೀಪಾಯಿಗೆ, ಗೋಡೆಗೆ, ನನ್ನ ಬಿಳಿ ಅಂಗಿಗೆ. ನಾವಿಬ್ಬರೂ ಒಂದು ಗಳಿಗೆ ಕಲ್ಲಾದೆವು. ಆಮೇಲೆ ಆಕೆ ದುಪಟ್ಟಾದ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಮಾತ್ರ ನಗುತ್ತಿತ್ತು.

ಅಷ್ಟರಲ್ಲಿ ಮಾವಶಿ ಬಾಗಿಲು ತೆಗೆದಳು. ನಾನು ಗಡಬಡಿಸಿ ಎದ್ದೆ. ಕಪ್ಪು ಅಲ್ಲೇ ಉಳಿಯಿತು.

ನಮ್ಮ ಎರಡೂ ಮನೆಗಳ ಕಡೆ 'ಒಲ್ಲೆ' ಎನ್ನುವುದನ್ನು ಯಾರೂ ಬಾಯಿಂದ ಹೇಳುವುದಿಲ್ಲ. ಹುಡುಗ ಚಹಾ ಕುಡಿಯದೆ ಎದ್ದರೆ, ಹುಡುಗಿ ಪಸಂದಿಲ್ಲ ಎಂದು ಅರ್ಥ. ಆಮೇಲೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಮರ್ಯಾದೆಯಿಂದ ಜೈಭೀಮ್ ಹೇಳಿ ಏಳುವುದು. ಅದು ನನಗೆ ನೆನಪಾದದ್ದು ಜೀಪು ಭಾಲ್ಕಿ ದಾಟಿದ ಮೇಲೆ.

"ಒಲ್ಲೆ ಅಂದಿ, ಆತು ಬಿಡು," ಮಾವಶಿ ಮುಖ ಊದಿಸಿಕೊಂಡಿದ್ದಳು. "ಆದರ ಮಂದಿ ಮನಿಯಾಗ ಹಂಗ ಒದರೂದೇನೋ?"

"ನಾ ಯಾವಾಗ ಒಲ್ಲೆ ಅಂದೆ?"

"ಕಪ್ ತುಂಬಿತ್ತಲ್ಲೋ!"

"ಅದರಾಗ ಉಂಡಿ ಬಿದ್ದಿತ್ತು ಮಾವಶಿ!"

"ಉಂಡಿ ಯಾರು ಒಗದರು? ಅಕೀನೇ ಅಲ್ಲ? ಮತ್ತ? ಕುಡೀಬ್ಯಾಡ ಅಂತನ ಒಗದಾಳ."

ಆಕೆಯ ಭುಜ ನಗುತ್ತಿದ್ದುದನ್ನು ನಾನೊಬ್ಬನೇ ನೋಡಿದ್ದೆ. ಅದನ್ನು ಸಾಕ್ಷಿ ಅಂತ ಯಾರು ಒಪ್ಪುತ್ತಾರೆ?

ಮೂರು ತಿಂಗಳು ಹೋದವು. ಅಂಗಿಯ ಕಲೆ ಹೋಗಲಿಲ್ಲ, ನಾನೂ ತಿಕ್ಕಲಿಲ್ಲ. ಬೀದರದ ಮೈಲೂರಿನಲ್ಲಿ ನನ್ನದೊಂದು ಬಾಡಿಗೆ ಖೋಲಿ. ಬೆಳಿಗ್ಗೆ ಅಲ್ಲಿಂದ ಊರಂಚಿನ ಕೊಳಾರಕ್ಕೆ ಹೋಗಿ ಗಾಡಿ ಹತ್ತುವಾಗೆಲ್ಲ ಡ್ರೈವರ್ ಖಾಸಿಂ ಅಲಿ ಚಾಚಾ ಕೇಳುತ್ತಿದ್ದ: "ಕ್ಯಾ ಮಿಯಾ, ಇನ್ನೂ ಮೆಕ್ಸಿಕೋದಾಗ ಇದ್ದೀ ಏನು?"

ಒಂದು ಸೋಮವಾರ ಆತ ಸ್ಟೇರಿಂಗ್ ತಿರುಗಿಸುತ್ತ ಹೇಳಿದ, "ಇವತ್ತ ಭಾಲ್ಕಿ. ಹೈಸ್ಕೂಲಿನಾಗ ಬೋರು ಹಾಕೂದದ. ತಲಿ ಬಾಚ್ಕೋ."

ಅದು ಆಕೆಯದೇ ಶಾಲೆ.

ಗಾಡಿ ನಿಲ್ಲಿಸಿ ಬೋರು ಶುರು ಮಾಡಿದೆವು. ನಮ್ಮದೊಂದು ಪದ್ಧತಿ ಇದೆ: ಒಂದೊಂದು ರಾಡು ಇಳಿದಾಗಲೂ ಮೇಲೆ ಬಂದ ಪುಡಿಯನ್ನು ಒಂದು ಬೊಗಸೆ ತೆಗೆದು ನೆಲದ ಮೇಲೆ ಸಾಲಾಗಿ ಇಡುವುದು. ಎಷ್ಟು ಅಡಿಗೆ ಯಾವ ಕಲ್ಲು ಎಂದು ಆ ಸಾಲೇ ಹೇಳುತ್ತದೆ. ಐದು ಗುಂಪಿ ಇಟ್ಟಿದ್ದೆ. ಆರನೆಯದನ್ನು ಸುರಿಯುತ್ತಿರುವಾಗ ಗುಂಪಿಗಳ ಆಚೆ ಎರಡು ಚಪ್ಪಲಿ ಬಂದು ನಿಂತವು.

"ಜೈಭೀಮ್ ರಿ," ಪ್ರಣಾಲಿ ಎಂದಳು. ಹಿಂದೆ ಹತ್ತನೇ ಕ್ಲಾಸು ಪೂರ್ತಿ. "ನಮ್ಮ ಮಕ್ಕಳಿಗೆ ನಿಮ್ಮ ಕರಿಕಲ್ಲು ತೋರಸ್ತೀರೇನು?"

'ನಿಮ್ಮ' ಎಂಬ ಮಾತನ್ನು ಒತ್ತಿ ಹೇಳಿದಳು. ಹುಬ್ಬು ಅಲ್ಲೇ ಇತ್ತು, ಅದೇ ಎತ್ತರದಲ್ಲಿ.

ನಾನು ಸಾಲು ತೋರಿಸಿದೆ. ಕರಿ, ಕರಿ, ಕರಿ, ನಾಲ್ಕನೆಯದು ಇಟ್ಟಂಗಿಯ ಹಾಗೆ ಕೆಂಪು, ಮತ್ತೆ ಕರಿ, ಕರಿ. ಮಕ್ಕಳು ಬೆರಳಿಟ್ಟು ನೋಡಿದರು. ಆಕೆ ಕೆಂಪು ಗುಂಪಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದಳು.

"ಇದು ಯಾಕ ಕೆಂಪದರಿ?"

"ಒಂದು ಲಾವಾ ಹರದು ನಿಂತ ಮ್ಯಾಲ, ಮುಂದಿನದು ಬರೋತನ ಭಾಳ ವರ್ಷ ಭೂಮಿ ಖಾಲಿ ಇರ್ತಿತ್ತರಿ. ಬಿಸಲಿಗೆ, ಮಳಿಗೆ ಮ್ಯಾಲಿನ ಕಲ್ಲು ಮಣ್ಣಾಗ್ತಿತ್ತು. ಅದರಾಗ ಗಿಡ ಹುಟ್ಟಿರಬೇಕು. ಆಮ್ಯಾಲ ಮತ್ತೊಂದು ಲಾವಾ ಬಂದು ಮುಚ್ಚಿಬಿಟ್ಟದ."

"ಅಂದ್ರ ನಡುವ ಪುರುಸೊತ್ತು ಇತ್ತು?"

"ಇತ್ತರಿ."

"ಗಿಡ ಬಂದಾವ ಅಂದ್ರ ಅದನ್ನ ತಿನ್ನೋ ಪ್ರಾಣಿನೂ ಬಂದಿರಬೇಕು?"

ಖಾಸಿಂ ಚಾಚಾ ಗಾಡಿಯ ಮೇಲಿಂದ ಕೆಮ್ಮಿದ. ಎಲ್ಲಿಗೆ ಹೋಗಿ ಸಿಕ್ಕಿಬಿದ್ದೆ ಎಂದು ಆಗ ಗೊತ್ತಾಯಿತು. ನನ್ನ ಕೈಯಿಂದ ನಾನೇ ಇಟ್ಟ ಗುಂಪಿ, ಆಕೆಯ ಕಡೆ ಸಾಕ್ಷಿ ಹೇಳುತ್ತಿತ್ತು. ನನ್ನ ಲಾವಾ ಎಲ್ಲವನ್ನೂ ಒಂದೇ ಸಲ ಕೊಂದಿರಲಿಲ್ಲ. ನಡುನಡುವೆ ಉಸಿರಾಡಲು ಬಿಟ್ಟಿತ್ತು.

ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. ಹೇಳಿಬಿಟ್ಟೆ.

"ಮೇಡಂ ಹೇಳೂದು ಖರೆ ಇರಬೇಕು. ನನ್ನ ಕಲ್ಲಿಗಿಂತ ಅವರ ಕಲ್ಲಿನ ಪೆಟ್ಟು ದೊಡ್ಡದು."

ಆಕೆಯ ಹುಬ್ಬು ಮೆಲ್ಲಗೆ ಕೆಳಗಿಳಿಯಿತು. ಮಕ್ಕಳನ್ನು ಕ್ಲಾಸಿಗೆ ಕಳಿಸಿದಳು. ತಾನು ಮಾತ್ರ ಕೂತಲ್ಲೇ ಕೂತಿದ್ದಳು.

"ಅವತ್ತೇ ಹಿಂಗ ಒಪ್ಪಿದ್ರ ಚಾ ತಣ್ಣಗ ಆಗ್ತಿರಲಿಲ್ಲ," ಎಂದಳು. "ಒಲ್ಲೆ ಅಂತ ಎದ್ದು ಹೋದ್ರಿ."

"ನಾ ಒಲ್ಲೆ ಅಂದಿಲ್ಲರಿ! ಕಪ್ಪಿನಾಗ ಉಂಡಿ ಇತ್ತು. ನೀವೇ ಬ್ಯಾಡಂತ ಒಗದೀರಿ ಅಂದ್ಕೊಂಡೆ."

"ಹುಚ್ಚೇನ್ರಿ ನಿಮಗ? ಬ್ಯಾಡಾದವರಿಗೆ ಯಾರರ ಇಡೀ ಉಂಡಿ ಹಾಳು ಮಾಡ್ತಾರೇನು?"

ಬೋರಿನ ಸದ್ದು ನಿಂತಿತ್ತು. ಆಕೆಯ ಅಂಗೈಯಲ್ಲಿ ಕೆಂಪು ಮಣ್ಣು ಮದರಂಗಿಯ ಹಾಗೆ ಕೂತಿತ್ತು. ಆಕೆ ಅದನ್ನೇ ನೋಡುತ್ತ ಸಣ್ಣಗೆ ಹೇಳಿದಳು, "ಐತವಾರ ಬೀದರದಿಂದ ಇನ್ನೊಬ್ಬರು ನೋಡ್ಲಿಕ್ಕೆ ಬರ್ತಾರ. ಪಪ್ಪಾ ಹ್ಞೂಂ ಅಂದಾರ."

"ಆ ಹುಡುಗ ಚಾ ಕುಡೀತಾನೇನು?"

"ಕುಡಿಯೋ ಹಂಗ ಕಾಣ್ತದ. ಡೈನೋಸಾರ್ ಬಗ್ಗೆ ಅವನಿಗೇನೂ ಗೊತ್ತಿಲ್ಲಂತ."

ನಾನು ಚಾಚಾನ ಕಡೆ ನೋಡಿದೆ. ಆತ ಆಕಾಶ ನೋಡುತ್ತ ಹೇಳಿದ, "ಜಾ ಬೇಟಾ, ಜಾ. ಉಳದ ರಾಡು ನಾ ಇಳಸ್ತೇನಿ."

ಆ ಸಂಜೆ ಐದಕ್ಕೆ, ಮೈತುಂಬ ಕಲ್ಲಿನ ಪುಡಿಯ ಸಮೇತ ನಾನು ಅವರ ಮನೆಯ ಬಾಗಿಲಲ್ಲಿ ನಿಂತಿದ್ದೆ. ಆಕೆಯ ತಂದೆ ನಾಗಸೇನ ಕಾಕಾ ಪೇಪರು ಮಡಚಿದರು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು. ಟಿಕೆಟ್ ಇಲ್ಲದವನನ್ನು ನೋಡುವ ಹಾಗೆ ನೋಡಿದರು.

"ಏನಪಾ?"

"ಕಾಕಾ, ಅವತ್ತಿನ ಚಾ ಬಾಕಿ ಉಳದದ. ಕುಡೀಲಿಕ್ಕೆ ಬಂದೇನಿ."

ಮೂರು ತಿಂಗಳ ಹಿಂದೆ ಕುಡಿಯದೇ ಬಿಟ್ಟ ಕಪ್ಪಿನ ಅರ್ಥ ಅವರ ಮುಖದ ಮೇಲೆ ನಿಧಾನಕ್ಕೆ ಬದಲಾಗುವುದನ್ನು ನಾನು ನೋಡುತ್ತಿದ್ದೆ. ಕೊನೆಗೆ ಒಳಕ್ಕೆ ಕೂಗಿದರು. "ಪ್ರಣಾಲಿ, ಚಾ ತಗೊಂಬಾರವ್ವ. ಉಂಡಿ ದೂರ ಇಡು."

ಆಕೆ ಎರಡನ್ನೂ ಒಂದೇ ತಾಟಿನಲ್ಲಿ ತಂದಳು. ಅಂಗೈ ತೊಳೆದಿರಲಿಲ್ಲ. ಕೆಂಪು ಇನ್ನೂ ಅಲ್ಲೇ ಇತ್ತು. ನಾನು ಉಂಡಿ ಎತ್ತಿ ಚಹಾದಲ್ಲಿ ನಾನೇ ಹಾಕಿದೆ. ಅದು ಕರಗುವ ತನಕ ಕಾದೆ. ಆಮೇಲೆ ಶೇಂಗಾ, ಬೆಲ್ಲ, ನನ್ನ ಮೀಸೆಯಿಂದ ಉದುರಿದ ಕರಿಕಲ್ಲಿನ ಪುಡಿ, ಎಲ್ಲಾ ಸೇರಿಸಿ ತಳಮಟ್ಟ ಕುಡಿದು, ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದೆ.

ಹನಿ ಬೀಳಲಿಲ್ಲ.

"ಅದೆಲ್ಲ ಸರಿ," ಕಾಕಾ ಕನ್ನಡಕದ ಮೇಲಿಂದ ನೋಡಿದರು. "ಅವು ಸತ್ತದ್ದು ಹ್ಯಾಂಗ? ಅವತ್ತ ಅದರ ಸಲುವಾಗಿ ಅಲ್ಲ ಒದರಿದ್ದು?"

"ಮೇಡಂ ಹೇಳಿದಂಗ ಕಾಕಾ. ಆಕಾಶದ ಕಲ್ಲು."

"ಪೂರಾ ಅಲ್ಲರಿ," ಬಾಗಿಲ ಹಿಂದಿನಿಂದ ದನಿ ಬಂತು. "ಲಾವಾ ಮೊದಲೇ ಸಾಕಷ್ಟು ಸುಸ್ತು ಮಾಡಿರ್ತದ."

"ಯಾಕ್ರಿ, ಮಧ್ಯಾಹ್ನ ಒಂದು, ಈಗ ಒಂದು? ಕೆಂಪು ಮಣ್ಣು ನೀವೇ ತೋರಿಸಿದ್ದಲ್ಲ?"

"ತೋರಿಸಿದ್ದು ಖರೆ. ನೀವು ಅಷ್ಟು ಜಲ್ದಿ ಸೋಲ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ನಾಗಸೇನ ಕಾಕಾ ಎದ್ದು ಫೋನು ಕೈಗೆತ್ತಿಕೊಂಡರು. "ಸುಭದ್ರಾಬಾಯಾರ," ಎಂದರು, "ಇಲ್ಲಿ ಮತ್ತ ಜಗಳ ಚಾಲೂ ಆಗ್ಯದ. ಐತವಾರದವರಿಗೆ ಬರಬ್ಯಾಡ ಅಂತ ಹೇಳ್ತೇನಿ. ನೀವು ನಿಶ್ಚಯದ ಸಕ್ರಿ ತಗೊಂಡು ಬರ್ರಿ."